ವಿಆರ್ ಆಟಕ್ಕೆ ದುಡ್ಡು ಕೊಡುವ ಮುಂಚೆ ಹತ್ತು ನಿಮಿಷ ನಿಂತು ನೋಡಿ

ಪ್ರವಾಸಿಗರು ಜಾಸ್ತಿ ಬರುವ ಊರಿನ ಮುಖ್ಯ ಬೀದಿಯಲ್ಲಿ ಒಂದು ಸುತ್ತು ಹಾಕಿದರೆ ಸಾಕು, ‘ವಿಆರ್’ ಎಂದು ಬರೆದ ಬೋರ್ಡುಗಳು ಒಂದರ ಹಿಂದೆ ಒಂದು ಕಾಣುತ್ತವೆ. ವಿಆರ್ ಅಂದರೆ ವರ್ಚುವಲ್ ರಿಯಾಲಿಟಿ: ಕಣ್ಣು ಪೂರ್ತಿ ಮುಚ್ಚುವ ಹೆಡ್‌ಸೆಟ್ ತಲೆಗೆ ಹಾಕಿಕೊಂಡರೆ, ಅದರೊಳಗಿನ ಪರದೆಯಿಂದಾಗಿ ಬೇರೊಂದು ಲೋಕದಲ್ಲೇ ಇದ್ದಂತೆ ಕಾಣುತ್ತದೆ. ಎಲ್ಲದರ ಮೇಲೂ ಹೆಡ್‌ಸೆಟ್ ಹಾಕಿಕೊಂಡು ಬಾಯಿ ತುಂಬ ನಗುತ್ತಿರುವ ಯಾರದೋ ಫೋಟೊ. ಹೊರಗಿನಿಂದ ಎಲ್ಲವೂ ಒಂದೇ ಥರ. ಒಳಗೆ ಹೋದರೆ ಅಜಗಜಾಂತರ. ಈ ಸಲದ ರಜೆಯಲ್ಲಿ ಅಮ್ಮ, ಅಕ್ಕ, ಭಾವ, ಅಕ್ಕನ ಮಗ ಮತ್ತು ನಾನು ಇಂಥ ಊರೊಂದಕ್ಕೆ ಹೋಗಿದ್ದೆವು. ಹುಡುಗನಿಗೆ 11 ವರ್ಷ. ವಿಆರ್ ಆಡಿಸಲೇಬೇಕು ಎಂದು ಹೊರಡುವ ಮೊದಲೇ ಹಟ ಹಿಡಿದಿದ್ದ. ಅಮ್ಮನಿಗೆ ದಪ್ಪ ಕನ್ನಡಕ. ಭಾವನಿಗೆ ಬಸ್ಸಿನ ಹಿಂದಿನ ಸೀಟಲ್ಲಿ ಕೂತರೆ ತಲೆಸುತ್ತು. ಇವರೆಲ್ಲರಿಗೂ ಸರಿಹೋಗುವ ಜಾಗ ಹುಡುಕಿ ಆಡಿ ಬಂದ ಅನುಭವ ಇದು. ಮನೆಯವರ ಜೊತೆ ಹೋಗುವವರಿಗೆ ಉಪಯೋಗಕ್ಕೆ ಬಂದೀತು ಎಂದು ಬರೆಯುತ್ತಿದ್ದೇನೆ.

ಇಂಥ ಊರುಗಳಲ್ಲಿ ಸಿಗುವ ವಿಆರ್ ಮುಖ್ಯವಾಗಿ ಮೂರು ಬಗೆ. ಯಾವುದಕ್ಕೆ ಹೋಗುತ್ತಿದ್ದೇವೆ ಅನ್ನುವುದು ಟಿಕೆಟ್ ತೆಗೆಯುವ ಮುಂಚೆಯೇ ಗೊತ್ತಿರಬೇಕು.

ಮೊದಲನೆಯದು ಕುರ್ಚಿ. ಬೋರ್ಡಿನ ಮೇಲೆ ‘9ಡಿ’, ‘12ಡಿ’ ಎಂದೆಲ್ಲ ಇರುತ್ತದೆ. ಈ ಅಂಕಿಗೆ ಯಾವ ಅಳತೆಯೂ ಇಲ್ಲ. ಸೀಟು ಅಲುಗಾಡಿದರೆ ಒಂದು, ಮುಖಕ್ಕೆ ಗಾಳಿ ಬೀಸಿದರೆ ಇನ್ನೊಂದು, ನೀರು ಚಿಮುಕಿಸಿದರೆ ಮತ್ತೊಂದು ಅಂತ ಅಂಗಡಿಯವರೇ ಕೂಡಿಸಿಕೊಂಡಿರುತ್ತಾರೆ. ಅದರಲ್ಲಿ ನೀವು ಆಡುವುದು ಕಡಿಮೆ, ನೋಡುವುದೇ ಜಾಸ್ತಿ. ಐದರಿಂದ ಹತ್ತು ನಿಮಿಷದಲ್ಲಿ ಮುಗಿಯುತ್ತದೆ.

ಎರಡನೆಯದು ಬೂತ್. ನಾಲ್ಕು ಹೆಜ್ಜೆ ಅತ್ತಿತ್ತ ಓಡಾಡುವಷ್ಟು ಜಾಗ, ಎರಡೂ ಕೈಯಲ್ಲಿ ಕಂಟ್ರೋಲರ್, ಅಂದರೆ ಆಟ ಆಡಿಸುವ ಗುಂಡಿಗಳಿರುವ ಹಿಡಿ. ಬಗ್ಗಬಹುದು, ಕೂರಬಹುದು, ಕೈ ಚಾಚಿ ಏನನ್ನಾದರೂ ಹಿಡಿಯಬಹುದು. 2016ರಲ್ಲಿ ಎಚ್‌ಟಿಸಿ ವೈವ್, ಆಕ್ಯುಲಸ್ ರಿಫ್ಟ್ ಎಂಬ ಹೆಡ್‌ಸೆಟ್ಟುಗಳು ಮಾರುಕಟ್ಟೆಗೆ ಬಂದ ಮೇಲೆ ಈ ಬಗೆ ಹಬ್ಬಿತು. ಆಗ ಹೆಡ್‌ಸೆಟ್‌ನಿಂದ ಕಂಪ್ಯೂಟರಿಗೆ ದಪ್ಪ ವೈರ್ ಇರುತ್ತಿತ್ತು. 2019ರಲ್ಲಿ ಕ್ವೆಸ್ಟ್ ಎಂಬ ಹೆಡ್‌ಸೆಟ್ ಬಂದಮೇಲೆ ವೈರೂ ಇಲ್ಲ, ಕಂಪ್ಯೂಟರೂ ಬೇಕಿಲ್ಲ.

ಮೂರನೆಯದು ದೊಡ್ಡ ಹಾಲ್. ನಾಲ್ಕೈದು ಜನ ಒಟ್ಟಿಗೆ ಒಂದೇ ಆಟದೊಳಗೆ ನಡೆದಾಡುತ್ತೀರಿ, ಆಟದೊಳಗೆ ಒಬ್ಬರನ್ನು ಪ್ರತಿನಿಧಿಸುವ ಬೊಂಬೆ ಇನ್ನೊಬ್ಬರಿಗೆ ಕಾಣುತ್ತದೆ. ಜೀರೊ ಲೇಟೆನ್ಸಿ ಎಂಬ ಕಂಪನಿ 2015ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಇಂಥದ್ದನ್ನು ತೆರೆದಾಗ ಆಡುವವರು ಬೆನ್ನಿಗೆ ಕಂಪ್ಯೂಟರ್ ಕಟ್ಟಿಕೊಳ್ಳಬೇಕಿತ್ತು. ಈಗಿನ ಹೊಸ ಜಾಗಗಳಲ್ಲಿ ಆ ಭಾರ ಇಲ್ಲ. ಗೆಳೆಯರ ಗುಂಪಿಗೆ, ಸ್ವಲ್ಪ ದೊಡ್ಡ ಮಕ್ಕಳಿಗೆ ನನ್ನ ಪ್ರಕಾರ ಇದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಒಬ್ಬರು ಆಡುತ್ತಾ ಉಳಿದವರು ಕಾಯುತ್ತಾ ಕೂರುವ ಕಷ್ಟವಿಲ್ಲ.

ಯಾವ ಬಗೆ ಎಂದು ತಿಳಿಯಲು ಕೌಂಟರಿನಲ್ಲಿ ಒಂದೇ ಪ್ರಶ್ನೆ ಕೇಳಿ: “ಮುಂದಕ್ಕೆ ಬಗ್ಗಿದರೆ ಎದುರಿಗಿರೋದು ಹತ್ತಿರ ಬರುತ್ತಾ?” ಬರುತ್ತೆ ಅಂದರೆ ಆ ಹೆಡ್‌ಸೆಟ್ ನಿಮ್ಮ ಮೈಯ ಚಲನೆಯನ್ನೂ ಹಿಡಿಯುತ್ತದೆ. ಇಲ್ಲ ಅಂದರೆ ನೀವು ಕತ್ತು ತಿರುಗಿಸುವುದು ಮಾತ್ರ ಅದಕ್ಕೆ ಗೊತ್ತಾಗುತ್ತದೆ. ಎರಡಕ್ಕೂ ಒಂದೇ ದುಡ್ಡು ಕೇಳಿದರೆ ಯಾವುದನ್ನು ಆರಿಸಬೇಕು ಎಂದು ಹೇಳಬೇಕಾಗಿಲ್ಲ, ಅಲ್ವಾ?

ಇನ್ನು ನಾನು ಎಲ್ಲಕ್ಕಿಂತ ಮುಖ್ಯ ಅಂದುಕೊಂಡ ವಿಷಯ. ಹೆಡ್‌ಸೆಟ್ ಯಾವ ಕಂಪನಿಯದು, ಎಷ್ಟು ಹೊಸದು ಅನ್ನುವುದಕ್ಕಿಂತ ಅದನ್ನು ತಲೆಗೆ ಹಾಕುವವರು ಹೇಗೆ ಹಾಕುತ್ತಾರೆ ಅನ್ನುವುದನ್ನು ನೋಡಿ. ಹಿಂದಿನ ದಿನವೇ ಒಮ್ಮೆ ಹೋಗಿ, ಬೇರೆಯವರು ಆಡುವುದನ್ನು ಹತ್ತು ನಿಮಿಷ ನಿಂತು ನೋಡಿದರೆ ಆ ಜಾಗದ ಬಗ್ಗೆ ಬಹುಪಾಲು ತಿಳಿದುಹೋಗುತ್ತದೆ. ನೋಡಲು ಬಿಡುವುದಿಲ್ಲ ಅಂದರೆ ಮುಂದಿನ ಅಂಗಡಿಗೆ ಹೋಗಿ.

ನಾವು ಮೊದಲು ಹೋದ ಕಡೆ ಜನ ಬರುವುದೇ ತಡ, ಒಬ್ಬರ ತಲೆಯಿಂದ ತೆಗೆದ ಹೆಡ್‌ಸೆಟ್ಟನ್ನು ಹಾಗೇ ಇನ್ನೊಬ್ಬರ ತಲೆಗೆ ಹಾಕುತ್ತಿದ್ದರು. ಮುಖಕ್ಕೆ ತಾಗುವ ಸ್ಪಾಂಜು ಒದ್ದೆಯಾಗಿ ಕಪ್ಪಗಾಗಿತ್ತು. ಬಿಡುವಾದ ಒಂದು ಹೆಡ್‌ಸೆಟ್ಟನ್ನು ಲೆನ್ಸ್ ಮೇಲಾಗಿ ಕಿಟಕಿ ಪಕ್ಕ ಬಿಸಿಲಿಗೆ ಇಟ್ಟಿದ್ದರು. ಇದು ಗಮನಿಸಬೇಕಾದ ಸಂಗತಿ. ಲೆನ್ಸಿನ ಮೂಲಕ ಬಿಸಿಲು ಒಳಗಿನ ಪರದೆಯ ಮೇಲೆ ಒಂದೇ ಕಡೆ ಬಿದ್ದರೆ ಸ್ವಲ್ಪ ಹೊತ್ತಿನಲ್ಲೇ ಪರದೆ ಸುಡುತ್ತದೆ. ಆಮೇಲೆ ಆಡುವವರಿಗೆ ಚಿತ್ರದ ನಡುವೆ ಕಲೆ ಕಾಣುತ್ತದೆ, ಅದು ಹೋಗುವುದೂ ಇಲ್ಲ. ತಮ್ಮದೇ ಸಾಮಾನನ್ನು ಹೀಗೆ ಬಿಸಾಡುವವರು ನಮ್ಮ ಕಣ್ಣು ಕತ್ತನ್ನು ನೋಡಿಕೊಳ್ಳುತ್ತಾರೆ ಎಂಬ ನಂಬಿಕೆ ನನಗೆ ಬರಲಿಲ್ಲ. ನಾವು ಅಲ್ಲಿ ಆಡಲಿಲ್ಲ.

ನಾವು ಕೊನೆಗೆ ಆರಿಸಿದ ಕಡೆ ಕೆಲಸಕ್ಕಿದ್ದ ಹುಡುಗಿ ಮೊದಲು ಲೆನ್ಸನ್ನು ಒಣ ಮೈಕ್ರೋಫೈಬರ್ ಬಟ್ಟೆಯಲ್ಲಿ ಒರೆಸಿದಳು. ಲೆನ್ಸಿಗೆ ಆಲ್ಕೋಹಾಲ್ ಹಾಕಿ ತಿಕ್ಕಬಾರದು, ಮೇಲಿನ ಲೇಪ ಹಾಳಾಗುತ್ತದೆ. ಮುಖಕ್ಕೆ ತಾಗುವ ಭಾಗ ಸ್ಪಾಂಜಿನದಲ್ಲ, ಒರೆಸಿ ತೊಳೆಯಬಹುದಾದ ಸಿಲಿಕಾನಿನದು. ಪ್ರತಿಯೊಬ್ಬರಿಗೂ ಬಿಸಾಡಬಹುದಾದ ಮುಖಗವಸು. ಆಮೇಲೆ ಪಟ್ಟಿ ಸಡಿಲ ಮಾಡಿ ಮೊದಲು ಮುಖಕ್ಕೆ ಇಟ್ಟು, ನಂತರ ತಲೆಯ ಹಿಂದಕ್ಕೆ ಎಳೆದು ಕೂರಿಸಿದಳು. “ಅಮ್ಮಾ, ಮುಂದೆ ಅಕ್ಷರ ಕಾಣ್ತಿದೆಯಾ? ಓದಿ ನೋಡೋಣ” ಅಂದಳು. ಅಮ್ಮ “ಮಂಜು ಮಂಜಾಗಿದೆ ಕಣಮ್ಮ” ಅಂದಾಗ ಹೆಡ್‌ಸೆಟ್ಟನ್ನು ಒಂಚೂರು ಮೇಲೆ ಸರಿಸಿ, ಕೆಳಗಿನ ಚಕ್ರವನ್ನು ನಿಧಾನ ತಿರುಗಿಸಿದಳು. ಅಮ್ಮ ಅಕ್ಷರ ಸರಿಯಾಗಿ ಓದುವವರೆಗೂ ಆಟ ಶುರು ಮಾಡಲಿಲ್ಲ.

ಆ ಚಕ್ರದ ಬಗ್ಗೆ ಎರಡು ಮಾತು. ನಮ್ಮ ಎರಡು ಕಣ್ಣಿನ ಪಾಪೆಗಳ ನಡುವಿನ ದೂರ ಒಬ್ಬೊಬ್ಬರಿಗೆ ಒಂದೊಂದು. ದೊಡ್ಡವರಲ್ಲಿ ಸರಾಸರಿ 63 ಮಿಲಿಮೀಟರ್ ಆಸುಪಾಸು. ಲೆನ್ಸುಗಳು ಅದಕ್ಕೆ ಸರಿಯಾಗಿ ಕೂರದಿದ್ದರೆ ಚಿತ್ರ ಮಸುಕಾಗುತ್ತದೆ, ಕಣ್ಣು ಎಳೆಯುತ್ತದೆ, ತಲೆನೋವು ಬರುತ್ತದೆ. ಕ್ವೆಸ್ಟ್ 2ರಲ್ಲಿ 58, 63, 68 ಎಂದು ಮೂರೇ ಅಳತೆ. ಕ್ವೆಸ್ಟ್ 3ರಲ್ಲಿ 58ರಿಂದ 71ರವರೆಗೆ ಚಕ್ರ ತಿರುಗಿಸಿ ಹೊಂದಿಸಿಕೊಳ್ಳಬಹುದು. ಮಕ್ಕಳ ಕಣ್ಣುಗಳ ಅಂತರ ಇದಕ್ಕಿಂತಲೂ ಕಡಿಮೆ ಇರಬಹುದು. ಹಾಗಾಗಿ ಮಗು “ಸರಿಯಾಗಿ ಕಾಣಲ್ಲ” ಅಂದರೆ ಸುಮ್ನೆ ಹೇಳುತ್ತಿದೆ ಅಂದುಕೊಳ್ಳಬೇಡಿ. ಕನ್ನಡಕದವರು ಅಗಲ ಕಡಿಮೆ ಇರುವ ಫ್ರೇಮ್ ಹಾಕಿಕೊಂಡು ಹೋಗಿ. ಕನ್ನಡಕಕ್ಕೆ ಜಾಗ ಮಾಡಿಕೊಡುವ ಸಣ್ಣ ಚೌಕಟ್ಟು ಇದೆಯಾ ಎಂದು ಕೇಳಿ, ಇಲ್ಲದಿದ್ದರೆ ಎರಡೂ ಗಾಜು ತಾಗಿ ಗೀರು ಬೀಳುತ್ತದೆ. ಕಾಂಟ್ಯಾಕ್ಟ್ ಲೆನ್ಸ್ ಇರುವವರಿಗೆ ಈ ತಾಪತ್ರಯ ಇಲ್ಲ. ಇನ್ನೊಂದು ಚಿಕ್ಕ ವಿಷಯ: ತಲೆಯ ಹಿಂದೆ ಎತ್ತಿ ಕಟ್ಟಿದ ತುರುಬು, ದೊಡ್ಡ ಕ್ಲಿಪ್ ಇದ್ದರೆ ಪಟ್ಟಿ ಕೂರುವುದಿಲ್ಲ. ಅಕ್ಕ ಅಲ್ಲೇ ಕೂದಲು ಬಿಚ್ಚಿ ಕೆಳಗೆ ಜಡೆ ಹಾಕಿಕೊಳ್ಳಬೇಕಾಯಿತು.

ತಲೆಸುತ್ತಿನ ವಿಷಯಕ್ಕೆ ಬರೋಣ. ಬಹಳ ಜನ ಇದಕ್ಕೇ ಹೆದರುತ್ತಾರೆ. ಮುಕ್ಕಾಲು ಪಾಲು ಇದು ಆಟ ಆರಿಸುವುದರ ಮೇಲೆ ನಿಂತಿದೆ. ಬಸ್ಸಿನಲ್ಲಿ ಪುಸ್ತಕ ಓದುವಾಗ ಮೈ ಓಡುತ್ತಿರುತ್ತದೆ, ಕಣ್ಣಿಗೆ ಮಾತ್ರ ಎಲ್ಲವೂ ನಿಂತಂತೆ ಕಾಣುತ್ತದೆ. ವಿಆರ್‌ನಲ್ಲಿ ಅದರ ತಿರುವುಮುರುವು: ಮೈ ನಿಂತಿರುತ್ತದೆ, ಕಣ್ಣಿಗೆ ಓಡುತ್ತಿದ್ದಂತೆ ಕಾಣುತ್ತದೆ. ಕಿವಿಯೊಳಗಿನ ಸಮತೋಲದ ಅಂಗ ಒಂದು ಹೇಳುತ್ತದೆ, ಕಣ್ಣು ಇನ್ನೊಂದು ಹೇಳುತ್ತದೆ. ಈ ಜಗಳದಿಂದ ವಾಕರಿಕೆ ಬರುತ್ತದೆ. ಹಾಗಾಗಿ ರೋಲರ್ ಕೋಸ್ಟರ್, ಕಾರ್ ರೇಸ್, ಕಂಟ್ರೋಲರಿನ ಮೇಲಿನ ಪುಟ್ಟ ಕಡ್ಡಿ ಒತ್ತಿ ಮುಂದಕ್ಕೆ ಓಡುವ ಆಟಗಳು ಸೂಕ್ಷ್ಮ ಇರುವವರಿಗೆ ಬೇಡವೇ ಬೇಡ. ದುರದೃಷ್ಟಕ್ಕೆ ಕುರ್ಚಿ ಅಂಗಡಿಗಳಲ್ಲಿ ಮೊದಲು ತೋರಿಸುವುದೇ ರೋಲರ್ ಕೋಸ್ಟರ್.

ನಿಂತಲ್ಲೇ ನಿಂತು ಆಡುವ ಆಟಗಳಲ್ಲಿ ಈ ತೊಂದರೆ ತೀರಾ ಕಡಿಮೆ. ಬೀಟ್ ಸೇಬರ್ ಒಳ್ಳೆಯ ಉದಾಹರಣೆ. ಹಾಡಿನ ತಾಳಕ್ಕೆ ಎದುರಿನಿಂದ ಬರುವ ಚೌಕಗಳನ್ನು ಎರಡು ಕತ್ತಿಯಿಂದ ಕಡಿಯುವುದು, ಅಷ್ಟೇ. ನೆಲ ಅಲುಗುವುದಿಲ್ಲ, ನೀವು ನಡೆದಷ್ಟೇ ಆಟದಲ್ಲೂ ನಡೆಯುತ್ತೀರಿ. ಭಾವ ಇದನ್ನು ಆಡಿ ಬೆವರಿದರೇ ಹೊರತು ತಲೆ ಸುತ್ತಲಿಲ್ಲ. ಹಾಲ್‌ನಲ್ಲಿ ನಿಜವಾಗಿಯೂ ಕಾಲಲ್ಲಿ ನಡೆಯುವ ಆಟದಲ್ಲೂ ಅವರಿಗೆ ಏನೂ ಆಗಲಿಲ್ಲ. ಅಮ್ಮನಿಗೆ ಸಮುದ್ರದ ತಳದಲ್ಲಿ ನಿಂತು ಮೀನು, ತಿಮಿಂಗಿಲ ನೋಡುವಂಥದ್ದನ್ನು ಹಾಕಿಸಿದೆವು. ತಿಮಿಂಗಿಲ ಪಕ್ಕಕ್ಕೆ ಬಂದಾಗ ಅಮ್ಮ ಎರಡು ಹೆಜ್ಜೆ ಹಿಂದೆ ಸರಿದರು, ಹುಡುಗಿ ಮೊಣಕೈ ಹಿಡಿದುಕೊಂಡಳು. ವಯಸ್ಸಾದವರ ಪಕ್ಕದಲ್ಲೇ ಒಬ್ಬರು ನಿಂತಿರುತ್ತಾರಾ ಎಂದು ಮೊದಲೇ ಕೇಳಿ.

ಯಂತ್ರದ ಕಡೆಯಿಂದಲೂ ತಲೆಸುತ್ತು ಬರುವುದುಂಟು. ಈಗಿನ ಹೆಡ್‌ಸೆಟ್ಟುಗಳಲ್ಲಿ ಚಿತ್ರ ಸಾಮಾನ್ಯವಾಗಿ ಸೆಕೆಂಡಿಗೆ 72, 90 ಅಥವಾ ಅದಕ್ಕಿಂತ ಹೆಚ್ಚು ಸಲ ಬದಲಾಗುತ್ತದೆ. ಹಳೆಯ ಕಂಪ್ಯೂಟರಿಗೆ ಅಷ್ಟು ಕೆಲಸ ಮಾಡಲು ಆಗದಿದ್ದರೆ ಚಿತ್ರ ತಡವರಿಸುತ್ತದೆ. ಆಟ ಶುರುವಾದ ಕೂಡಲೇ ತಲೆಯನ್ನು ಬೇಗ ಎಡಕ್ಕೆ ಬಲಕ್ಕೆ ತಿರುಗಿಸಿ ನೋಡಿ. ಚಿತ್ರ ಹಿಂದೆ ಉಳಿದು ಆಮೇಲೆ ಎಳೆದುಕೊಂಡು ಬಂದರೆ, ಅಂಚಿನಲ್ಲಿ ಕಪ್ಪು ಕಂಡರೆ ಅಲ್ಲೇ ನಿಲ್ಲಿಸಿ ಹೇಳಿ. ಸಂಕೋಚ ಬೇಡ. ವಾಕರಿಕೆ ಶುರುವಾದ ಮೇಲೆ “ಇನ್ನೆರಡು ನಿಮಿಷ ತಡೆದುಕೊಳ್ಳೋಣ” ಅನ್ನುವುದೂ ಬೇಡ. ಮುಂದುವರಿಸಿದಷ್ಟೂ ಜಾಸ್ತಿಯಾಗುತ್ತದೆ, ಅರ್ಧ ದಿನದ ಸುತ್ತಾಟವೂ ಹಾಳಾಗಬಹುದು.

ಮಕ್ಕಳ ವಯಸ್ಸಿನ ಬಗ್ಗೆ ಕಂಪನಿಗಳೇ ಮಿತಿ ಹಾಕಿವೆ. ಮೆಟಾ ಕಂಪನಿಯ ಕ್ವೆಸ್ಟ್‌ಗೆ ಮೊದಲು 13 ವರ್ಷ ಇತ್ತು. 2023ರಿಂದ ಹೆತ್ತವರು ನೋಡಿಕೊಳ್ಳುವ ಖಾತೆಯಾದರೆ 10 ವರ್ಷಕ್ಕೆ ಇಳಿಸಿದ್ದಾರೆ. ಸೋನಿಯ ಪ್ಲೇಸ್ಟೇಷನ್ ವಿಆರ್2 ಹೆಡ್‌ಸೆಟ್ಟಿಗೆ 12. ಆರು ವರ್ಷದ ಮಗುವಿಗೂ “ಪರವಾಗಿಲ್ಲ, ಕೂರಿಸಿ” ಅನ್ನುವ ಅಂಗಡಿಗಿಂತ, ವಯಸ್ಸು ಕೇಳಿ ಇಲ್ಲ ಅನ್ನುವ ಅಂಗಡಿಯೇ ನನಗೆ ಇಷ್ಟ. ಮೂರ್ಛೆ ಬರುವವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಆಡಬಾರದು. ಎದೆಯಲ್ಲಿ ಪೇಸ್‌ಮೇಕರ್ ಇರುವವರೂ ಅಷ್ಟೇ, ಯಾಕೆಂದರೆ ಈ ಸಾಧನಗಳಲ್ಲಿ ಅಯಸ್ಕಾಂತವೂ ರೇಡಿಯೊ ಅಲೆಗಳೂ ಇರುತ್ತವೆ.

ಸಮಯ ಆರಿಸುವುದರಲ್ಲೂ ಲಾಭ ಇದೆ. ಬೆಳಗ್ಗೆ ಬಾಗಿಲು ತೆರೆದ ಹೊತ್ತಿಗೆ ಹೋಗಿ. ವೈರ್ ಇಲ್ಲದ ಹೆಡ್‌ಸೆಟ್ಟಿನ ಬ್ಯಾಟರಿ ಎರಡು ಗಂಟೆ, ಹೆಚ್ಚೆಂದರೆ ಮೂರು ಗಂಟೆ. ಸಂಜೆ ಜನ ಮುಗಿಬಿದ್ದಾಗ ಅರ್ಧ ಚಾರ್ಜಿನ ಹೆಡ್‌ಸೆಟ್, ಬ್ಯಾಟರಿ ಸೋತ ಕಂಟ್ರೋಲರ್ ಸಿಗುವ ಸಂಭವ ಜಾಸ್ತಿ. ಕೆಲಸದವರೂ ದಣಿದಿರುತ್ತಾರೆ. ಹೊಟ್ಟೆ ಬಿರಿಯ ತಿಂದು ಹೋಗಬೇಡಿ, ಪೂರ್ತಿ ಖಾಲಿ ಹೊಟ್ಟೆಯೂ ಬೇಡ. ದಿನವಿಡೀ ಗಾಡಿಯಲ್ಲಿ ಸುತ್ತಿ ಬಂದ ಸಂಜೆಯಂತೂ ಬೇಡ.

ಬುಕ್ ಮಾಡುವಾಗ ಆಟದ ಸಮಯ ಎಷ್ಟು ಎಂದು ಬಿಡಿಸಿ ಕೇಳಿ. ಹಾಲ್ ಬಗೆಯದರಲ್ಲಿ ಒಂದು ಗಂಟೆ ಅಂದರೆ ಸೂಚನೆ ಕೊಡುವುದು, ಸಾಮಾನು ಕಟ್ಟಿಕೊಳ್ಳುವುದು, ಬಿಚ್ಚುವುದು ಎಲ್ಲ ಸೇರಿ ಒಂದು ಗಂಟೆ. ಹೆಡ್‌ಸೆಟ್ ಕೆಟ್ಟು ಆಟ ನಿಂತರೆ ಆ ಸಮಯ ಮತ್ತೆ ಕೊಡುತ್ತಾರಾ ಅನ್ನುವುದನ್ನೂ ಕೇಳಿ. ಆಟದ ವಿಡಿಯೊ ಉಚಿತವೋ, ಬೇರೆ ದುಡ್ಡೋ ಎಂದು ಆಡುವ ಮೊದಲೇ ತಿಳಿದುಕೊಳ್ಳಿ. ಆನ್‌ಲೈನ್ ರಿವ್ಯೂ ನೋಡುವುದಾದರೆ ಇತ್ತೀಚಿನ ತಿಂಗಳುಗಳದ್ದನ್ನೇ ನೋಡಿ, ಅದರಲ್ಲೂ ಕಡಿಮೆ ಸ್ಟಾರ್ ಕೊಟ್ಟವರ ಮಾತನ್ನು ಓದಿ. ವಿಆರ್ ಸಾಮಾನು ಬೇಗ ಸವೆಯುತ್ತದೆ, ಎರಡು ವರ್ಷದ ಹಿಂದಿನ ಹೊಗಳಿಕೆಯಿಂದ ಏನೂ ತಿಳಿಯುವುದಿಲ್ಲ. “ಮಸುಕು”, “ಕಂಟ್ರೋಲರ್ ಕೆಲಸ ಮಾಡಲಿಲ್ಲ” ಎಂಬ ಮಾತು ಮತ್ತೆ ಮತ್ತೆ ಬಂದರೆ ಬಿಟ್ಟುಬಿಡಿ.

ಒಳಗೆ ಹೋದ ಮೇಲೆ ಕಂಟ್ರೋಲರಿನ ದಾರವನ್ನು ಮಣಿಕಟ್ಟಿಗೆ ಹಾಕಿಕೊಳ್ಳುವುದನ್ನು ಮರೆಯಬೇಡಿ. ಆವೇಶದಲ್ಲಿ ಕೈ ಬೀಸಿದಾಗ ಜಾರಿದರೆ ಪಕ್ಕದವರ ಮುಖಕ್ಕೆ ಹೊಡೆಯುತ್ತದೆ. ಚಪ್ಪಟೆ ಅಟ್ಟೆಯ ಶೂ ಇರಲಿ. ಎದುರಿಗೆ ಬಲೆಯಂಥ ಗೆರೆಗಳು ಮೂಡಿದರೆ ನಿಜವಾದ ಗೋಡೆ ಹತ್ತಿರವಿದೆ ಎಂದರ್ಥ, ತಕ್ಷಣ ನಿಲ್ಲಿ. ಆಟದೊಳಗಿನ ಮೇಜಿಗೆ, ಕಟಕಟೆಗೆ ಒರಗಲು ಹೋಗಬೇಡಿ, ಅಲ್ಲಿ ಏನೂ ಇರುವುದಿಲ್ಲ. ಅಕ್ಕನ ಮಗನಿಗೆ ಓಡಬಾರದು ಎಂದು ಸಾರಿ ಸಾರಿ ಹೇಳಿದ್ದೆವು. ಆದರೂ ದೈತ್ಯನೊಬ್ಬ ಅಟ್ಟಿಸಿಕೊಂಡು ಬಂದಾಗ ಅವನು ಓಡಲು ಹೊರಟ. ಮೈಕಿನಲ್ಲಿ ಹೆಸರು ಹಿಡಿದು ಕೂಗಿ ನಿಲ್ಲಿಸಿದವಳು ಅದೇ ಹುಡುಗಿ. ಪರದೆಯ ಮುಂದೆ ಕೂತು ಪ್ರತಿಯೊಬ್ಬರನ್ನೂ ಅವಳು ಗಮನಿಸುತ್ತಲೇ ಇದ್ದಳು.

ಅರ್ಧ ಗಂಟೆ ಆಡಿದ ಮೇಲೆ ಹತ್ತು ಹದಿನೈದು ನಿಮಿಷ ಕಣ್ಣಿಗೆ ಬಿಡುವು ಕೊಡಿ, ಆಮೇಲೆ ಬೇಕಾದರೆ ಇನ್ನೊಂದು ಆಟ. ಮುಗಿಸಿ ಹೊರಬಂದ ತಕ್ಷಣ ಗಾಡಿ ಓಡಿಸಬೇಡಿ. ಸ್ವಲ್ಪ ಹೊತ್ತು ದೂರ, ಹತ್ತಿರದ ಅಂದಾಜು ತಪ್ಪಬಹುದು, ನಡೆಯುವಾಗ ತೂರಾಡಿದಂತೆ ಅನಿಸಬಹುದು. ನಾವು ಅಲ್ಲೇ ಬೆಂಚಿನ ಮೇಲೆ ಕೂತು, ಭಾವ ಪೂರ್ತಿ ಸರಿಯಾಗಿದ್ದೇನೆ ಅಂದ ಮೇಲೆಯೇ ಬೀಗದಕೈ ಅವರ ಕೈಗೆ ಕೊಟ್ಟೆವು.