ಚೋರ್ಸು ಬಜಾರಿಗೆ 45 ನಿಮಿಷ ಸಾಲದು

ಉಜ್ಬೇಕಿಸ್ತಾನ ಪ್ರವಾಸಕ್ಕೆಂದು ಟೂರಿನವರು ಕಳಿಸಿದ ಪಟ್ಟಿಯಲ್ಲಿ ಎರಡನೇ ದಿನದ ಎದುರು ಹೀಗಿತ್ತು: ‘ಚೋರ್ಸು ಬಜಾರ್, 45 ನಿಮಿಷ’. ಅದು ತಾಷ್ಕೆಂಟಿನ ಹಳೆಯ ದೊಡ್ಡ ಪೇಟೆ. ಓದಿದ ಕೂಡಲೇ ನಮ್ಮ ಹುಬ್ಬಳ್ಳಿ ಅಕ್ಕಾರು ನಕ್ಕುಬಿಟ್ಟರು. ‘ಇಷ್ಟು ಹೊತ್ತಿನ್ಯಾಗ ಚಿಕ್ಕಪೇಟಿಯೊಳಗ ಒಂದು ಖಣ ಆರಿಸಾಕ ಆಗೂದಿಲ್ರಿ!’

ನಾವು ಜಯನಗರದ ಪಾರ್ಕಿನಲ್ಲಿ ಬೆಳಗ್ಗೆ ನಡೆಯುವ ಹತ್ತು ಜನ. ಎಲ್ಲರಿಗಿಂತ ಚಿಕ್ಕವರಿಗೆ 46, ಹಿರಿಯರಿಗೆ 71. 2024ರ ಸೆಪ್ಟೆಂಬರ್ ಕೊನೆಯಲ್ಲಿ ಎಂಟು ದಿನ ಉಜ್ಬೇಕಿಸ್ತಾನಕ್ಕೆ ಹೋಗಿಬಂದೆವು: ತಾಷ್ಕೆಂಟ್, ಸಮರ್‌ಕಂದ್, ಬುಖಾರಾ. ಅದೇ ದಾರಿಯಲ್ಲಿ ಹೊರಟವರಿಗೆ ನನ್ನ ಮೊದಲ ಮಾತು: ದುಡ್ಡಿಗಾಗಿ ಚೌಕಾಸಿ ಮಾಡುವ ಮೊದಲು ಗಂಟೆಗಳಿಗಾಗಿ ಚೌಕಾಸಿ ಮಾಡಿ. ಅದೂ ಮುಂಗಡ ಕಟ್ಟುವ ಮೊದಲು. ನಲವತ್ತು ಜನರ ಬಸ್ಸಿನಲ್ಲಿ ಇದು ನಡೆಯುವ ಮಾತಲ್ಲ. ಹತ್ತು ಜನ, ಒಂದು ವ್ಯಾನು, ಒಬ್ಬ ಗೈಡ್ ಅಂದರೆ ನಡೆಯುತ್ತದೆ.

ನಾವು ಮೂರು ಕೇಳಿದೆವು. ಚೋರ್ಸುವಿಗೆ ಅರ್ಧ ದಿನ, ಬುಖಾರಾದಲ್ಲಿ ಒಂದು ಸಂಜೆ ಮತ್ತು ಮರುದಿನ ಬೆಳಗ್ಗೆ ಪೂರ್ತಿ ಬಿಡುವು, ಎಲ್ಲೂ ‘ಶೋರೂಮ್’ಗೆ ಕರೆದೊಯ್ಯಬಾರದು. ಮೊದಲ ಎರಡಕ್ಕೆ ಒಪ್ಪಿದರು. ಮೂರನೆಯದಕ್ಕೆ ‘ಆಯ್ತು ಮೇಡಂ’ ಅಂದವರು ಸಮರ್‌ಕಂದದಲ್ಲಿ ಒಂದು ಕಂಬಳಿ ಅಂಗಡಿಯೊಳಗೆ ಚಹಾ ಕೊಟ್ಟು ಒಂದೂವರೆ ಗಂಟೆ ಕೂರಿಸಿದರು. ಯಾರೂ ಕೊಳ್ಳಲಿಲ್ಲ. ಬಾಯಿಮಾತು ನಂಬಬೇಡಿ, ಬರೆಸಿಕೊಳ್ಳಿ.

ಇನ್ನು ಕಾಗದಪತ್ರ. ಇ-ವೀಸಾ ಮನೆಯಿಂದಲೇ ಸಿಗುತ್ತದೆ, ಕಷ್ಟವಿಲ್ಲ. ಕಷ್ಟ ಇರುವುದು ನಮ್ಮ ಇನಿಷಿಯಲ್‌ಗಳಲ್ಲಿ. ನಮ್ಮಲ್ಲೊಬ್ಬರ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ, ಇನಿಷಿಯಲ್ ಬಿಡಿಸಿ ಬರೆದಿದೆ. ರೈಲು ಟಿಕೆಟ್‌ನಲ್ಲಿ ಮಾತ್ರ ಬರೀ ‘ಬಿ.ಎಸ್.’ ಬಂದಿತ್ತು. ಅಲ್ಲಿ ರೈಲು ಹತ್ತುವಾಗಲೂ ಪಾಸ್‌ಪೋರ್ಟ್ ನೋಡುತ್ತಾರೆ. ಆ ಟಿಕೆಟನ್ನು ಹೊಸದಾಗಿ ಮಾಡಿಸಬೇಕಾಯಿತು. ಪಾಸ್‌ಪೋರ್ಟಿನಲ್ಲಿ ಇದ್ದಂತೆಯೇ ಅಕ್ಷರ ಅಕ್ಷರ ಹೊಂದಿಸಿ. ಪ್ಯಾಕೇಜ್ ದುಡ್ಡಿನ ಮೇಲೆ ಆಗ ಶೇ 5 ಟಿಸಿಎಸ್ (ದುಡ್ಡು ಕಟ್ಟುವಾಗಲೇ ವಸೂಲಿ ಮಾಡುವ ಆದಾಯ ತೆರಿಗೆ) ಹಿಡಿದರು. ಅದು ರಿಟರ್ನ್ ಸಲ್ಲಿಸುವಾಗ ಲೆಕ್ಕಕ್ಕೆ ಬರುತ್ತದೆ, ರಸೀದಿ ಕಳೆದುಕೊಳ್ಳಬೇಡಿ. ನಾವು ಹೋದದ್ದು ದೆಹಲಿ ಮೇಲಿಂದ. ಅಲ್ಲಿಂದ ತಾಷ್ಕೆಂಟ್ ಸುಮಾರು ಮೂರು ಗಂಟೆ ದೂರ, ಅಂದರೆ ಬೆಂಗಳೂರು–ದೆಹಲಿಯಷ್ಟೇ. ಎರಡೂ ವಿಮಾನಕ್ಕೆ ಬೇರೆ ಬೇರೆ ಟಿಕೆಟ್ ಆದರೆ ದೆಹಲಿಯಲ್ಲಿ ಸಾಮಾನು ಬಿಡಿಸಿಕೊಂಡು ಮತ್ತೆ ಚೆಕ್‌ಇನ್ ಮಾಡಬೇಕು. ನಡುವೆ ಐದು ಗಂಟೆಯಾದರೂ ಇಟ್ಟುಕೊಳ್ಳಿ.

ಅಲ್ಲಿನ ಹಣ ಸೋಮ್. ನಾವು ಹೋದಾಗ ಒಂದು ರೂಪಾಯಿಗೆ ಸುಮಾರು 150 ಸೋಮ್ ಬರುತ್ತಿತ್ತು. ಮೊದಲ ದಿನ ಎಲ್ಲರೂ ಲಕ್ಷಾಧೀಶರು, ಒಂದು ಊಟಕ್ಕೇ ಲಕ್ಷ ಸೋಮ್ ಬಿಚ್ಚಿದಾಗ ಎದೆ ಧಸಕ್ ಎನ್ನುತ್ತದೆ. ಕೊನೆಯ ಮೂರು ಸೊನ್ನೆ ಮರೆತು ಉಳಿದದ್ದನ್ನು ಏಳರಿಂದ ಗುಣಿಸಿದರೆ ಸರಿಸುಮಾರು ರೂಪಾಯಿ. ಬ್ಯಾಂಕಿನಲ್ಲಿ ಬದಲಾಯಿಸಲು ಡಾಲರ್ ನೋಟು ಹೊಸದಾಗಿರಲಿ. ಮಡಿಕೆಯಲ್ಲಿ ಹರಿದದ್ದು, ಪೆನ್ನಿನ ಗೀರು ಇದ್ದದ್ದು ವಾಪಸ್ ಬರುತ್ತದೆ.

ಚೋರ್ಸುವಿಗೆ ನಾವು ಮೆಟ್ರೋದಲ್ಲೇ ಹೋದೆವು, ಅದೇ ಹೆಸರಿನ ನಿಲ್ದಾಣ ಬಜಾರಿನ ಪಕ್ಕದಲ್ಲೇ ಇದೆ. ಈ ಮೆಟ್ರೋದಲ್ಲಿ 2018ರವರೆಗೆ ಫೋಟೋ ತೆಗೆಯುವಂತಿರಲಿಲ್ಲ. ಈಗ ಅಡ್ಡಿಯಿಲ್ಲ, ಒಂದೊಂದು ನಿಲ್ದಾಣವೂ ಅರಮನೆಯ ಹಜಾರದ ಹಾಗೆ. ಬಜಾರು ಹಳೆಯದಾದರೂ ಮೇಲಿನ ದೊಡ್ಡ ನೀಲಿ ಗುಮ್ಮಟ ಸೋವಿಯತ್ ಕಾಲದ್ದು. ಕೆಳಗೆ ಮಾಂಸ, ಸಸ್ಯಾಹಾರಿಗಳು ಮೂಗು ಮುಚ್ಚಿಕೊಂಡು ಮೆಟ್ಟಿಲು ಹತ್ತಿಬಿಡಿ. ಮೇಲಿನ ಸುತ್ತಿನಲ್ಲಿ ಒಣಹಣ್ಣು, ಬಾದಾಮಿ, ಅಕ್ರೋಟು. ಎಲ್ಲರೂ ರುಚಿ ನೋಡಿ ಎಂದು ಕೈಗೆ ಹಾಕುತ್ತಾರೆ. ಬಿಳಿ ಗೋಲಿಯಂಥ ‘ಕುರ್ತ್’ ಕೊಟ್ಟರೆ ಎಚ್ಚರ. ಒಣಗಿಸಿದ ಮೊಸರು ಅದು, ಉಪ್ಪೆಂದರೆ ಉಪ್ಪು.

ಭಾಷೆ ಅರ್ಧ ಗೊತ್ತಿರುವ ಹಾಗೆ ಅನ್ನಿಸುತ್ತದೆ. ಬಜಾರು, ದುಕಾನು, ರುಮಾಲು, ಅನಾರ್ ಎಲ್ಲ ಅಲ್ಲೂ ಇವೆ. ಆದರೆ ಅದನ್ನೇ ನಂಬಿ ಹೋಟೆಲಿನಲ್ಲಿ ‘ಸಬ್ಜಿ’ ಕೇಳಿದೆವು, ತಟ್ಟೆ ತುಂಬ ಕ್ಯಾರೆಟ್ ಬಂತು. ಅಲ್ಲಿ ಸಬ್ಜಿ ಎಂದರೆ ಕ್ಯಾರೆಟ್ಟೇ! ಕಲಿಯಬೇಕಾದ ಪದ ‘ಗೋಶ್ತ್‌ಸಿಜ್’, ಮಾಂಸವಿಲ್ಲದ್ದು. ಹಾಗೆ ಹೇಳಿದರೂ ಕೊಬ್ಬಿನಲ್ಲಿ ಬೇಯಿಸಿರಬಹುದು, ಕಟ್ಟುನಿಟ್ಟಿನವರು ಬಿಡಿಸಿ ಕೇಳಿ. ನಮ್ಮನ್ನು ಕಾಪಾಡಿದ್ದು ರೊಟ್ಟಿ, ಟೊಮೆಟೊ–ಈರುಳ್ಳಿಯ ಹಸಿ, ಕರಬೂಜ, ಮತ್ತೆ ಗಾಂಧಿಬಜಾರಿನಿಂದ ಒಯ್ದ ಚಟ್ನಿಪುಡಿ.

ಕೇಸರಿಯ ಕತೆ ಹೇಳಲೇಬೇಕು. ಮಸಾಲೆ ಸಾಲಿನಲ್ಲಿ ಕೆಂಪು–ಕಿತ್ತಳೆ ಎಸಳುಗಳ ದೊಡ್ಡ ರಾಶಿ, ‘ಸಾಫ್ರನ್, ಸಾಫ್ರನ್’ ಎಂದು ಕೂಗು. ಕಾಶ್ಮೀರಿ ಕೇಸರಿಯ ಬೆಲೆ ಗೊತ್ತಿದ್ದ ನಾವೆಲ್ಲ ಮುಗಿಬಿದ್ದೆವು. ನಾನಂತೂ ನೂರು ಗ್ರಾಂ ಕಟ್ಟಿಸುವವಳಿದ್ದೆ. ಅಕ್ಕಾರು ಒಂದು ಚಿಟಿಕೆ ಎತ್ತಿ ಅಂಗೈ ಮೇಲೆ ಹರಡಿ ನೋಡಿದರು. ‘ಅಯ್ಯ, ಇದು ಕುಸುಬಿ ಹೂವಲ್ಲೇನ್ರಿ! ನಮ್ಮ ಹೊಲದಾಗ ಮುಳ್ಳು ಚುಚ್ಚಿಸ್ಕೊಂಡು ಬೆಳೆದಾಕಿ ನಾನು, ನನಗ ಗೊತ್ತಿಲ್ಲೇನು?’ ಹೌದು, ಕುಸುಬೆಯೇ. ಬಣ್ಣ ಬಿಡುತ್ತದೆ, ಕೇಸರಿಯ ಪರಿಮಳ ಇಲ್ಲ. ನಿಜವಾದ ಕೇಸರಿಯ ಎಳೆ ಒಂದು ತುದಿಯಲ್ಲಿ ಅಗಲವಾಗಿ ತುತ್ತೂರಿಯ ಹಾಗಿರುತ್ತದೆ. ಅದು ರಾಶಿ ಹಾಕಿ ಮಾರುವ ಸರಕೂ ಅಲ್ಲ.

ತಾಷ್ಕೆಂಟಿನಲ್ಲಿ ಗೈಡ್‌ಗೆ ಹೇಳಿ ಶಾಸ್ತ್ರೀಜಿ ಪ್ರತಿಮೆಯ ಹತ್ತಿರ ವ್ಯಾನು ನಿಲ್ಲಿಸಿಕೊಳ್ಳಿ. 1966ರ ಜನವರಿ 10ರಂದು ಒಪ್ಪಂದಕ್ಕೆ ಸಹಿ, ರಾತ್ರಿ ಕಳೆದು 11 ಆಗುವಷ್ಟರಲ್ಲಿ ಅವರಿರಲಿಲ್ಲ. ನಮ್ಮ 71ರ ಹಿರಿಯರು ಆಗ ಶಾಲಾ ಹುಡುಗ. ಅಲ್ಲಿ ಬಹಳ ಹೊತ್ತು ನಿಂತರು, ಯಾರೂ ಅವಸರ ಮಾಡಲಿಲ್ಲ.

ಸಮರ್‌ಕಂದಕ್ಕೆ ಅಫ್ರಾಸಿಯಾಬ್ ವೇಗದ ರೈಲು, ಎರಡು ಗಂಟೆ ಚಿಲ್ಲರೆ. ರೆಗಿಸ್ತಾನ್ ಚೌಕದ ಮೂರು ಮದರಸಾಗಳಲ್ಲಿ ತೈಮೂರನ ಮೊಮ್ಮಗ ಉಲುಗ್ ಬೇಗ್ ಕಟ್ಟಿಸಿದ್ದೇ ಹಳೆಯದು, 1420ರಲ್ಲಿ ಮುಗಿದದ್ದು. ಉಳಿದೆರಡು ಅದರ ಇನ್ನೂರು ವರ್ಷದ ನಂತರದವು. ಬಿಸಿಲಿನಲ್ಲಿ ಒಮ್ಮೆ, ದೀಪ ಹಚ್ಚಿದ ಮೇಲೆ ಒಮ್ಮೆ ನೋಡಿ. ವರ್ಣಿಸುವ ಕೆಲಸ ಫೋಟೋಗಳಿಗೆ ಬಿಡುತ್ತೇನೆ. ಬೀಬಿ ಖಾನಿಮ್ ಮಸೀದಿಯ ಪಕ್ಕದ ಸಿಯೋಬ್ ಬಜಾರಿನಲ್ಲಿ ರೊಟ್ಟಿ ಕೊಳ್ಳಿ. ಅದನ್ನು ‘ನೋನ್’ ಎನ್ನುತ್ತಾರೆ. ಗುಂಡಗೆ, ಭಾರವಾಗಿ, ನಡುವೆ ಅಚ್ಚೊತ್ತಿ, ಮೇಲೆ ಮಿರಮಿರ ಮಿಂಚುತ್ತದೆ. ಸಮಯವಿದ್ದರೆ ಕೋನಿಗಿಲ್ ಹಳ್ಳಿಗೂ ಹೋಗಿ. ಹಿಪ್ಪುನೇರಳೆ ತೊಗಟೆಯನ್ನು ನೀರಿನ ಚಕ್ರದಿಂದ ಕುಟ್ಟಿ ಕಾಗದ ಮಾಡುವುದನ್ನು ತೋರಿಸುತ್ತಾರೆ. ರಾಮನಗರದ ಕಡೆ ಎಲೆ ಹುಳಕ್ಕೆ ಹೋಗುವುದು ಗೊತ್ತಿತ್ತು, ತೊಗಟೆ ಪುಸ್ತಕಕ್ಕೆ ಹೋಗುವುದು ಗೊತ್ತಿರಲಿಲ್ಲ.

ಬಿಡುವಾಗಿ ಕೊಳ್ಳುವ ಊರು ಬುಖಾರಾ. ದಾರಿಗಳು ಕೂಡುವಲ್ಲಿ 16ನೇ ಶತಮಾನದಲ್ಲಿ ಕಟ್ಟಿದ ಇಟ್ಟಿಗೆ ಗುಮ್ಮಟಗಳು, ಒಳಗೆ ಅಂಗಡಿಗಳು. ಮೂರು ಉಳಿದಿವೆ: ಚಿನಿವಾರರ ತೋಕಿ ಝರ್ಗರೋನ್, ಟೋಪಿಯವರ ತೋಕಿ ತೆಲ್ಪಾಕ್ ಫುರುಶೋನ್, ನಾಣ್ಯ ಬದಲಿಸುವವರ ತೋಕಿ ಸರಾಫೋನ್. ಕೊನೆಯ ಹೆಸರು ಕೇಳಿ ಎಲ್ಲರ ಕಿವಿ ನಿಮಿರಿತು. ಸರಾಫ! ನಮ್ಮ ಪೇಟೆಯ ಅದೇ ಸರಾಫ. ಹಿಂದೂಸ್ತಾನದ ವ್ಯಾಪಾರಿಗಳೂ ಈ ಊರಲ್ಲಿ ಲೇವಾದೇವಿ ನಡೆಸಿದವರೇ. ಹೊರಗೆ ಸುಡುಬಿಸಿಲು, ಗುಮ್ಮಟದ ಕೆಳಗೆ ತಣ್ಣನೆ ಗಾಳಿ. ಮಧ್ಯಾಹ್ನ ಇಲ್ಲೇ ಕಳೆಯುವುದು ಜಾಣತನ.

ಸುಜಾನಿ ಎಂಬ ಸೂಜಿ ಕಸೂತಿಗೆ ಈ ಊರು ಹೆಸರುವಾಸಿ. ಕೈಯದೋ ಯಂತ್ರದ್ದೋ ತಿಳಿಯಲು ಮಗುಚಿ ನೋಡಿ. ನಮ್ಮ ಧಾರವಾಡದ ಕಸೂತಿಗೆ ಹಿಂದೆಯೂ ಗಂಟು ಕಾಣಬಾರದು. ಸುಜಾನಿಯ ಹಿಂದೆ ಗಂಟು, ದಾರದ ಓಟ, ಮುಂದೆ ನಕ್ಷೆ ಬರೆದ ಗೀಟು ಅಳಿಯದೆ ಉಳಿದದ್ದು ಕಂಡರೆ ಅದು ಕೈಕೆಲಸದ ಗುರುತು. ದೊಡ್ಡ ಸುಜಾನಿಯನ್ನು ಪಟ್ಟಿಪಟ್ಟಿಯಾಗಿ ಹಂಚಿಕೊಂಡು ಹೊಲಿದು ಜೋಡಿಸುವುದರಿಂದ ಜೋಡಿನಲ್ಲಿ ಹೂವು ಕೂದಲೆಳೆ ತಪ್ಪಿರುತ್ತದೆ. ಎಲ್ಲ ಹೂವೂ ಒಂದೇ ಅಳತೆಯಲ್ಲಿದ್ದರೆ ಅನುಮಾನಪಡಿ.

ನೂಲಿಗೇ ಬಣ್ಣ ಕಟ್ಟಿ ನೇಯುವ, ಮೋಡ ಕದಡಿದಂಥ ಅಂಚಿನ ಇಕತ್ ಬಟ್ಟೆಯಲ್ಲಿ ‘ಅಟ್ಲಾಸ್’ ಎಂದರೆ ಪೂರ್ತಿ ರೇಷ್ಮೆ. ‘ಅದ್ರಸ್’ನಲ್ಲಿ ಹಾಸು ರೇಷ್ಮೆ, ಹೊಕ್ಕು ಹತ್ತಿ. ಹಿಂಬದಿ ಬಿಳಿಚಿಕೊಂಡಿದ್ದರೆ ಅಚ್ಚು ಹಾಕಿದ್ದು. ಒಂದೆಳೆ ಸುಟ್ಟರೆ ಕೂದಲು ಸುಟ್ಟ ವಾಸನೆ ಬರಬೇಕು ಎಂಬ ಚಿಕ್ಕಪೇಟೆ ಪರೀಕ್ಷೆ ಅಲ್ಲೂ ನಡೆಯುತ್ತದೆ. ಅಂಗಡಿಯಾಕೆಯೇ ಲೈಟರ್ ಕೊಟ್ಟಳು. ಕೈಮಗ್ಗದ ಬಟ್ಟೆಯ ಪನ್ನ ಕಿರಿದು, ಕುರ್ತಾಕ್ಕೆಂದು ಎರಡೂವರೆ ಮೀಟರ್ ತಂದ ನನಗೆ ಇಲ್ಲಿ ಟೈಲರ್ ಸಾಲದೆಂದು ಕೈಯಾಡಿಸಿಬಿಟ್ಟ. ಅಳತೆ ಮೊದಲೇ ಕೇಳಿಕೊಂಡು ಹೋಗಿ.

ಬೆಲೆಯಲ್ಲಿ ಮೂರರಲ್ಲಿ ಒಂದು ಪಾಲು ಇಳಿಸಬಹುದು, ಅದಕ್ಕಿಂತ ಜಗ್ಗಿದರೆ ಮುಖ ಬಾಡುತ್ತದೆ. ಮೂರು ಲಕ್ಷ ಸೋಮ್ ಹೇಳಿದ ದಿಂಬಿನ ಕವರು 2,20,000ಕ್ಕೆ ಬಂತು, ಸುಮಾರು 1,450 ರೂಪಾಯಿ. ಹತ್ತೂ ಜನ ಒಂದೇ ಅಂಗಡಿಗೆ ನುಗ್ಗಬೇಡಿ. ಇಬ್ಬಿಬ್ಬರಾಗಿ ಹೋಗಿ, ಸಂಜೆ ನೋಡಿ, ರಾತ್ರಿ ಮಲಗಿ, ಬೆಳಗ್ಗೆ ಕೊಳ್ಳಿ. ನಾವು ಆ ಬಿಡುವಿನ ಬೆಳಗು ಕೇಳಿದ್ದು ಇದಕ್ಕೇ. ‘ಹಳೇದು, ಅಜ್ಜಿ ಕಾಲದ್ದು’ ಎಂದು ತೋರಿಸಿದರೆ ಮರುಳಾಗಬೇಡಿ. 50 ವರ್ಷ ಮೀರಿದ ವಸ್ತುವನ್ನು ಪ್ರಮಾಣಪತ್ರವಿಲ್ಲದೆ ದೇಶದಿಂದ ಹೊರಗೆ ಒಯ್ಯುವಂತಿಲ್ಲ. ಹೊಸದಕ್ಕೂ ಬಿಲ್ಲು ಇರಲಿ. ಇಲ್ಲಿ ಇಳಿದಾಗ ಸುಂಕವಿಲ್ಲದೆ ತರುವ ಮಿತಿ ಆಗ ತಲೆಗೆ 50,000 ರೂಪಾಯಿ ಇತ್ತು. ಈಗಿನದ್ದು ನೋಡಿಕೊಂಡು ಹೊರಡಿ.

ಕೊಕ್ಕರೆ ಆಕಾರದ ಬುಖಾರಾ ಕತ್ತರಿ ಕೊಂಡರೆ ದಯವಿಟ್ಟು ದೊಡ್ಡ ಪೆಟ್ಟಿಗೆಗೆ ಹಾಕಿ. ಕುಸುಬೆ ಗುರುತಿಸಿದ ಅದೇ ಅಕ್ಕಾರು ಕತ್ತರಿಯನ್ನು ಕೈಚೀಲದಲ್ಲಿಟ್ಟು ತಾಷ್ಕೆಂಟ್ ವಿಮಾನ ನಿಲ್ದಾಣದಲ್ಲಿ ಬಿಟ್ಟುಬಂದರು. ಈಗಲೂ ಪಾರ್ಕಿನಲ್ಲಿ ಯಾರಾದರೂ ಕತ್ತರಿ ಎಂದರೆ ಮಾತು ಬದಲಿಸುತ್ತಾರೆ.

ಸಮರ್‌ಕಂದದ ರೊಟ್ಟಿ ಮಾತ್ರ ಗಟ್ಟಿಯಾಗಿ ಊರು ಸೇರಿತು. ಬಂದ ಮೂರನೇ ದಿನ ನೀರು ಚಿಮುಕಿಸಿ ತವಾದ ಮೇಲೆ ಬಿಸಿ ಮಾಡಿ, ಅಕ್ಕಾರ ಮನೆಯಲ್ಲಿ ಹತ್ತೂ ಜನ ಬದನೆಕಾಯಿ ಎಣ್ಣೆಗಾಯಿ ಜೊತೆ ತಿಂದು ಮುಗಿಸಿದೆವು.