ಘಾಟಿಯಲ್ಲಿ ಮಾತ್ರ ಕುದಿಯುವ ಮಾರುತಿ 800: ರಿಪೇರಿ ಟಿಪ್ಪಣಿ

ಗಾಡಿ 1996ರ ಮಾರುತಿ 800. ಕಾರ್ಬುರೇಟರ್ ಮಾಡೆಲ್, 796 ಸಿಸಿ, ಮೂರು ಸಿಲಿಂಡರ್, ಎಸಿ ಇಲ್ಲ. ತುಮಕೂರು ಕಡೆಯಿಂದ ತಂದದ್ದು, ಈಗ ಉಡುಪಿಯಲ್ಲಿದೆ. ದೂರು ವಿಚಿತ್ರ. ಹೆಬ್ರಿವರೆಗಿನ ಸಮತಟ್ಟು ರಸ್ತೆಯಲ್ಲಿ ಟೆಂಪರೇಚರ್ ಮುಳ್ಳು ‘ಸಿ’ (ತಣ್ಣಗೆ) ಬಿಟ್ಟು ಮೇಲೇಳುವುದೇ ಕಷ್ಟ. ಸೋಮೇಶ್ವರ ದಾಟಿ ಆಗುಂಬೆ ಘಾಟಿ ಹತ್ತಲು ಶುರು ಮಾಡಿದರೆ 14 ತಿರುವುಗಳಲ್ಲಿ ಅರ್ಧ ಮುಗಿಯುವುದರೊಳಗೆ ‘ಎಚ್’ (ಬಿಸಿ) ಹತ್ತಿರ ಬಂದು ಕೂರುತ್ತದೆ. ತೀರ್ಥಹಳ್ಳಿಗೆ ಹೋಗಲು ನಮಗೆ ಅದೇ ದಾರಿ.

ಕೇಳಿದವರೆಲ್ಲ ಒಂದೊಂದು ಪಾರ್ಟ್ ಹೆಸರು ಹೇಳಿದರು. ಒಬ್ಬರಿಗೆ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕಿಗೂ ಮೇಲಿನ ಹೆಡ್‌ಗೂ ನಡುವಿನ ಸೀಲು), ಇನ್ನೊಬ್ಬರಿಗೆ ವಾಟರ್ ಬಾಡಿ (ನೀರು ತಳ್ಳುವ ಪಂಪ್), ಮತ್ತೊಬ್ಬರಿಗೆ ಎಂಜಿನ್ನೇ ಮುಗಿದಿದೆ. ಬಿಸಿ ಆಗುವುದು ಯಾವಾಗ ಅಂತ ಯಾರೂ ಕೇಳಲಿಲ್ಲ. ನನ್ನ ಪ್ರಕಾರ ಮೊದಲು ಕೇಳಬೇಕಾದದ್ದೇ ಅದು. ಸಿಗ್ನಲ್‌ನಲ್ಲಿ ನಿಂತಾಗ ಬಿಸಿ, ಓಡುವಾಗ ಸರಿ ಅಂದರೆ ಅನುಮಾನ ಫ್ಯಾನ್ ಮೇಲೆ. ನಿಂತಾಗ ಸರಿ, ಲೋಡ್ ಬಿದ್ದಾಗ ಬಿಸಿ ಅಂದರೆ ನೀರು ಸಾಕಷ್ಟು ಓಡುತ್ತಿಲ್ಲ, ಇಲ್ಲವೇ ರೇಡಿಯೇಟರ್ ಶಾಖ ಬಿಡುತ್ತಿಲ್ಲ. ಪೆಟ್ರೋಲಿನ ಶಕ್ತಿಯಲ್ಲಿ ಸುಮಾರು ಮೂರನೇ ಒಂದು ಪಾಲು ಕೂಲಿಂಗ್ ನೀರಿಗೇ ಹೋಗುತ್ತದೆ. ಘಾಟಿಯಲ್ಲಿ ಎರಡನೇ ಗೇರಿನಲ್ಲಿ ಆಕ್ಸಿಲರೇಟರ್ ಅದುಮಿ 25 ಕಿ.ಮೀ. ವೇಗದಲ್ಲಿ ಹತ್ತುವಾಗ ಪೆಟ್ರೋಲ್ ಧಾರಾಳವಾಗಿ ಉರಿಯುತ್ತದೆ, ಎದುರು ಗಾಳಿ ಮಾತ್ರ ಇರುವುದಿಲ್ಲ. ಸಮತಟ್ಟಿನಲ್ಲಿ ಅಡಗಿಕೊಂಡ ಕಾಯಿಲೆ ಅಲ್ಲಿ ಹೊರಬೀಳುತ್ತದೆ.

ಜನವರಿ: ಮುಳ್ಳು ಹೇಳುವುದು ನಿಜವೇ?

ಮೊದಲು ಮೀಟರನ್ನೇ ನಂಬಲಿಲ್ಲ. ಬಿಸಿ ಅಳೆದು ಮೀಟರಿಗೆ ತಿಳಿಸುವ ಸೆಂಡರ್ ಕೆಟ್ಟರೂ ವೈರಿಂಗಿನ ಅರ್ಥ್ ಸರಿಯಿಲ್ಲದಿದ್ದರೂ ಮುಳ್ಳು ಸುಳ್ಳು ಹೇಳುತ್ತದೆ. ಬಂದೂಕಿನ ಆಕಾರದ ಇನ್ಫ್ರಾರೆಡ್ ಥರ್ಮಾಮೀಟರ್ ತಂದೆ. ಇದನ್ನು ಬಳಸುವವರಿಗೆ ಒಂದು ಮಾತು: ಹೊಳೆಯುವ ಅಲ್ಯೂಮಿನಿಯಂ ಮೇಲೆ ನೇರವಾಗಿ ಹಿಡಿದರೆ ಇರುವುದಕ್ಕಿಂತ ತುಂಬ ಕಡಿಮೆ ತೋರಿಸುತ್ತದೆ. ಥರ್ಮೋಸ್ಟಾಟ್ ಹೌಸಿಂಗ್ (ಬಿಸಿಗೆ ತಕ್ಕಂತೆ ನೀರು ಬಿಡುವ ವಾಲ್ವ್ ಕೂರುವ ಗೂಡು) ಮೇಲೆ ಕಪ್ಪು ಇನ್ಸುಲೇಷನ್ ಟೇಪ್ ಅಂಟಿಸಿ ಅದರ ಮೇಲೆ ಹಿಡಿಯಬೇಕು.

ಹೆಬ್ರಿಯಲ್ಲಿ ನಿಲ್ಲಿಸಿ ನೋಡಿದರೆ 60 ಡಿಗ್ರಿ ಆಸುಪಾಸು. ಘಾಟಿಯ ಮಧ್ಯೆ ಅಗಲ ಜಾಗ ಸಿಕ್ಕಲ್ಲಿ ನಿಲ್ಲಿಸಿದಾಗ 108. ಮುಳ್ಳು ಸತ್ಯವನ್ನೇ ಹೇಳುತ್ತಿತ್ತು, ಎರಡೂ ಕಡೆ. ಎಂಜಿನ್ ಒಂದು ಕಡೆ ಬೇಕಾದಷ್ಟು ಬಿಸಿಯಾಗುತ್ತಿಲ್ಲ, ಇನ್ನೊಂದು ಕಡೆ ಅತಿಯಾಗಿ ಬಿಸಿಯಾಗುತ್ತಿದೆ. ಗಾಡಿ ಕೊಟ್ಟ ದೊಡ್ಡ ಸುಳಿವು ಇದು.

ಅಲ್ಲಿ ನಿಂತಾಗ ಹಿಂದೆ ಬಂದ ಜೀಪಿನವರು ಇಳಿದು, “ಕ್ಯಾಪ್ ತೆಗೆದು ನೀರು ಹೊಯ್ಯಿ ಮಾರಾಯ್ರೆ, ಐದು ನಿಮಿಷಕ್ಕೆ ತಣ್ಣಗಾಗ್ತದೆ” ಅಂದರು. ಮನಸ್ಸು ಒಳ್ಳೆಯದು, ಸಲಹೆ ಅಪಾಯದ್ದು. ಒತ್ತಡದಲ್ಲಿ 108 ಡಿಗ್ರಿಯಲ್ಲೂ ಕುದಿಯದೆ ಕೂತ ನೀರು ಕ್ಯಾಪ್ ಬಿಚ್ಚಿದ ಕೂಡಲೇ ಆವಿಯಾಗಿ ಮುಖಕ್ಕೇ ಹಾರುತ್ತದೆ. ಬಿಸಿ ಎಂಜಿನ್‌ಗೆ ತಣ್ಣೀರು ಬಿದ್ದರೆ ಅಲ್ಯೂಮಿನಿಯಂ ಹೆಡ್ ಸೊಟ್ಟಗಾಗಿ, ಲೇತ್‌ಗೆ ಒಯ್ದು ಫೇಸಿಂಗ್ ಮಾಡಿಸಬೇಕಾಗಬಹುದು, ಅಂದರೆ ಕೆತ್ತಿ ಸಮತಟ್ಟು ಮಾಡಿಸಬೇಕು. ಬಾನೆಟ್ ಎತ್ತಿ, ಎಂಜಿನ್ ಐಡ್ಲಿಂಗ್‌ನಲ್ಲಿ ಬಿಟ್ಟು ಕಾದೆವು. ನೀರು ಸೋರುತ್ತಿಲ್ಲದಿದ್ದರೆ, ಮುಳ್ಳು ಇಳಿಯುತ್ತಿರುವವರೆಗೆ ಎಂಜಿನ್ ಆಫ್ ಮಾಡದಿರುವುದು ಒಳ್ಳೆಯದು, ಪಂಪ್ ತಿರುಗುತ್ತಿರಬೇಕು.

ಖರ್ಚಿಲ್ಲದ ಪರೀಕ್ಷೆಗಳು

ಫ್ಯಾನ್: ನೀರು ಬಿಸಿಯಾದಾಗ ಫ್ಯಾನ್ ಆನ್ ಮಾಡುವ ಥರ್ಮೋ ಸ್ವಿಚ್ಚಿನ ಕನೆಕ್ಟರ್ ಬಿಚ್ಚಿ ತಂತಿ ಜೋಡಿಸಿದರೆ ತಿರುಗುತ್ತದೆ. ದಿಕ್ಕೂ ಸರಿ. ರೇಡಿಯೇಟರ್ ಮುಂದೆ ಪೇಪರ್ ಹಾಳೆ ಹಿಡಿದರೆ ಎಳೆದು ಅಂಟಿಸಿಕೊಂಡಿತು. ಮೋಟರ್ ಬಿಚ್ಚಿ ಕಟ್ಟಿದ ಗಾಡಿಗಳಲ್ಲಿ ವೈರ್ ಅದಲುಬದಲಾಗಿ ಫ್ಯಾನ್ ಉಲ್ಟಾ ಊದುವುದುಂಟು, ಅದಕ್ಕೇ ಈ ಹಾಳೆ.

ಹೆಡ್ ಗ್ಯಾಸ್ಕೆಟ್: ಆಯಿಲ್ ಕ್ಯಾಪ್ ಕೆಳಗೆ ಹಾಲಿನಂಥ ಜಿಡ್ಡು ಇಲ್ಲ. ಮೂರೂ ಪ್ಲಗ್ ಒಂದೇ ಬಣ್ಣ. ನೀರು ಸೇರುವ ಸಿಲಿಂಡರ್ ಇದ್ದರೆ ಅದರ ಪ್ಲಗ್ ಮಾತ್ರ ತೊಳೆದಿಟ್ಟಂತೆ ಬೆಳ್ಳಗಿರುತ್ತದೆ. ಬೆಳಿಗ್ಗೆ ತಣ್ಣಗಿದ್ದಾಗ ಸ್ಟಾರ್ಟ್ ಮಾಡಿ ಮೇಲಿನ ಹೋಸ್ ಹಿಡಿದು ನೋಡಿದೆ. ಗ್ಯಾಸ್ಕೆಟ್ ಹೋಗಿದ್ದರೆ ನೀರು ಬಿಸಿಯಾಗುವ ಮೊದಲೇ ಹೋಸ್ ಗಟ್ಟಿಯಾಗುತ್ತದೆ; ಇಲ್ಲಿ ಮೆತ್ತಗೇ ಇತ್ತು. ಕೊನೆಗೆ ಗೆಳೆಯನ ಗ್ಯಾರೇಜಿನಿಂದ ನೀಲಿ ದ್ರವದ ಟೆಸ್ಟರ್ ಎರವಲು ತಂದೆ. ರೇಡಿಯೇಟರ್ ಬಾಯಿಯ ಗಾಳಿಯನ್ನು ಅದರೊಳಗೆ ಎಳೆದಾಗ, ಉರಿದ ಗ್ಯಾಸ್ ನೀರಿಗೆ ಸೇರುತ್ತಿದ್ದರೆ ನೀಲಿ ಹಳದಿಯಾಗುತ್ತದೆ. ನೀಲಿಯಾಗಿಯೇ ಉಳಿಯಿತು. ಹೆಡ್ ಬಿಚ್ಚುವ ಮಾತು ಅಲ್ಲಿಗೆ ಮುಗಿಯಿತು.

ವಾಟರ್ ಬಾಡಿ: ಬೆಲ್ಟ್ ಬಿಗಿ ಇದೆ, ಪುಲ್ಲಿ ಅಲ್ಲಾಡಿಸಿದರೆ ಆಟವಿಲ್ಲ, ಕೆಳಗಿನ ಸಣ್ಣ ತೂತಿನಿಂದ ನೀರು ಒಸರಿದ ಗುರುತಿಲ್ಲ. ಸದ್ಯಕ್ಕೆ ಬಿಟ್ಟೆ.

ಒಂದು ವಿಷಯ ಬರೆದಿಟ್ಟುಕೊಂಡೆ: ರೇಡಿಯೇಟರಿನಿಂದ ಉಕ್ಕಿದ ನೀರು ಸೇರುವ ರಿಸರ್ವ್ ಬಾಟಲಿ ಯಾವಾಗಲೂ ತುಂಬಿಯೇ ಇರುತ್ತದೆ, ಆದರೆ ತಣ್ಣಗಾದ ಮೇಲೆ ಕ್ಯಾಪ್ ತೆಗೆದರೆ ರೇಡಿಯೇಟರ್ ಬಾಯಿಯಲ್ಲಿ ನೀರು ಕೆಳಗಿಳಿದಿರುತ್ತದೆ. ಬಾಟಲಿ ಮಾತ್ರ ನೋಡುವವರಿಗೆ ಇದು ಗೊತ್ತೇ ಆಗುವುದಿಲ್ಲ.

ಫೆಬ್ರವರಿ: ಖಾಲಿ ಮನೆ

ಥರ್ಮೋಸ್ಟಾಟ್ ಹೌಸಿಂಗಿನ ಬೋಲ್ಟ್ ಬಿಚ್ಚಿದೆ. ಅಂಚಿನಲ್ಲೆಲ್ಲ ಹಳೆಯ ಗ್ಯಾಸ್ಕೆಟ್ ಪೇಸ್ಟ್ ಮೆತ್ತಿತ್ತು. ಎಂಜಿನ್ ಬಿಸಿಯಾಗುವವರೆಗೆ ರೇಡಿಯೇಟರಿಗೆ ನೀರು ಬಿಡದೆ ತಡೆಯಬೇಕಾದ ವಾಲ್ವ್ ಒಳಗೆ ಇರಲೇ ಇಲ್ಲ.

ಇದು ಹೊಸದೇನಲ್ಲ. “ನಮ್ಮ ಊರಿನ ಸೆಕೆಗೆ ವಾಲ್ವ್ ಯಾಕೆ?” ಅಂತ ಕಿತ್ತು ಬಿಸಾಡುವ ಪದ್ಧತಿ ಎಷ್ಟೋ ಕಡೆ ಇದೆ. ಅದರಲ್ಲಿ ಎಂಜಿನ್‌ಗೆ ಆಗುವ ಹಾನಿ ಒಂದು: 60 ಡಿಗ್ರಿಯಲ್ಲಿ ಓಡುವ ಕಾರ್ಬುರೇಟರ್ ಎಂಜಿನ್ ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಆಯಿಲ್ ಬೇಗ ಕೊಳೆಯಾಗುತ್ತದೆ. ಅದಕ್ಕಿಂತ ಕೆಟ್ಟದ್ದು, ವಾಲ್ವ್ ಕಿತ್ತರೆ ರೇಡಿಯೇಟರಿನ ದೋಷ ಮುಚ್ಚಿಹೋಗುತ್ತದೆ. ಅರ್ಧ ಕಟ್ಟಿಕೊಂಡ ರೇಡಿಯೇಟರ್ ಕೂಡ ಸಮತಟ್ಟು ರಸ್ತೆಗೆ ಸಾಲುತ್ತದೆ, ಮುಳ್ಳು ಕೆಳಗೇ ಇರುತ್ತದೆ, ಮಾಲೀಕ ಖುಷಿ. ಬಯಲುಸೀಮೆಯಲ್ಲಿ ಓಡಿದಷ್ಟು ವರ್ಷವೂ ಯಾರಿಗೂ ತಿಳಿದಿರಲಿಕ್ಕಿಲ್ಲ.

ಇನ್ನೊಂದು ವಾದವೂ ಚಾಲ್ತಿಯಲ್ಲಿದೆ: ವಾಲ್ವ್ ಇಲ್ಲದಿದ್ದರೆ ನೀರು ವೇಗವಾಗಿ ಓಡಿ ರೇಡಿಯೇಟರಿನಲ್ಲಿ ತಣಿಯಲು ಸಮಯ ಸಿಗುವುದಿಲ್ಲ, ಅದಕ್ಕೇ ಬಿಸಿ ಅಂತ. ಇದು ತಪ್ಪು. ನೀರು ಸುತ್ತುತ್ತಲೇ ಇರುತ್ತದೆ; ವೇಗ ಹೆಚ್ಚಿದಷ್ಟೂ ಹೊರಹೋಗುವ ಶಾಖ ಹೆಚ್ಚೇ ಆಗುತ್ತದೆ, ಕಡಿಮೆಯಲ್ಲ.

ಹೊಸ ವಾಲ್ವ್ ತಂದೆ, ಅಂಚಿನಲ್ಲಿ 82 ಅಂತ ಅಚ್ಚಾಗಿದೆ. ಹಾಕುವ ಮೊದಲು ಪರೀಕ್ಷೆ. ವಾಲ್ವಿನ ತಟ್ಟೆ ತಣ್ಣಗಿದ್ದಾಗ ಮುಚ್ಚಿರುತ್ತದೆ. ಅದನ್ನು ಸ್ಕ್ರೂಡ್ರೈವರಿನಿಂದ ಒತ್ತಿ ಸಂದಿನಲ್ಲಿ ದಾರ ಸಿಕ್ಕಿಸಿ, ಅದೇ ದಾರದಿಂದ ಪಾತ್ರೆಯ ನೀರಿನಲ್ಲಿ ತೂಗುಬಿಟ್ಟೆ. ಪಕ್ಕದಲ್ಲಿ ಅಡುಗೆ ಥರ್ಮಾಮೀಟರ್. 80 ಆಯಿತು, 81 ಆಯಿತು. 83ಕ್ಕೆ ದಾರ ಸಡಿಲವಾಗಿ ವಾಲ್ವ್ ಠಣ್ ಎಂದು ಪಾತ್ರೆಯ ತಳಕ್ಕೆ ಬಿತ್ತು. 95 ಹತ್ತಿರ ಬರುವಾಗ ತಟ್ಟೆ ಪೂರ್ತಿ, ಸುಮಾರು 8 ಮಿಲಿಮೀಟರ್ ಎದ್ದು ನಿಂತಿತ್ತು. ಅಂಚಿನಲ್ಲಿ ಗಾಳಿ ಹೋಗಲು ಇರುವ ಸಣ್ಣ ಪಿನ್ ಮೇಲ್ಮುಖವಾಗಿರುವಂತೆ ಕೂರಿಸಿದೆ.

ಈಗ ಸಮತಟ್ಟಿನಲ್ಲಿ ಮುಳ್ಳು ಮಧ್ಯಕ್ಕೆ ಬಂತು. ಘಾಟಿಯಲ್ಲಿ ಬದಲಾವಣೆ ಇಲ್ಲ, ನಿರೀಕ್ಷೆಯೂ ಇರಲಿಲ್ಲ.

ರೇಡಿಯೇಟರ್

ಎಂಜಿನ್ ಬಿಸಿ ಮಾಡಿ ರೇಡಿಯೇಟರ್ ಮುಖದ ಮೇಲೆ ಥರ್ಮಾಮೀಟರ್ ಆಡಿಸಿದಾಗ ಪಟ್ಟೆ ಪಟ್ಟೆಯಾಗಿ ಬಿಸಿ, ತಣ್ಣಗೆ. ತಣ್ಣಗಿದ್ದಲ್ಲಿ ಕೊಳವೆಯೊಳಗೆ ನೀರೇ ಹೋಗುತ್ತಿಲ್ಲ ಅಂತ ಅರ್ಥ. ಬಿಚ್ಚಿ ಒಯ್ದೆ.

ನಮ್ಮದು ಹಳೆಯ ಹಿತ್ತಾಳೆ-ತಾಮ್ರದ ರೇಡಿಯೇಟರ್, ಬೆಸುಗೆ ಬಿಡಿಸಿ ಮತ್ತೆ ಕಟ್ಟಬಹುದಾದದ್ದು. ಪ್ಲಾಸ್ಟಿಕ್ ಟ್ಯಾಂಕಿನ ಅಲ್ಯೂಮಿನಿಯಂ ಆಗಿದ್ದರೆ ಹೊಸದೇ ಗತಿ. ಅಂಗಡಿಯವರು ಗ್ಯಾಸ್ ಜ್ವಾಲೆ ಹಿಡಿದು ಟ್ಯಾಂಕ್ ಎಬ್ಬಿಸಿದರು. ಸಾಲಾಗಿ ಕಾಣಬೇಕಾದ ಕೊಳವೆ ಬಾಯಿಗಳಲ್ಲಿ ಎಷ್ಟೋ ಕಾಣಲೇ ಇಲ್ಲ. ಮೇಲೆ ಬಿಳಿ-ಕಂದು ಬಣ್ಣದ ಕಲ್ಲಿನಂಥ ಪದರ. ಉಗುರಿನಿಂದ ಕೆರೆದರೆ ಪುಡಿ ಬರುತ್ತದೆ.

“ಇದಕ್ಕೆ ಬೋರ್ ನೀರು ಹಾಕಿದ್ದು. ನಮ್ಮ ಬಾವಿ ನೀರಿಗೆ ಹೀಗೆ ಕಟ್ಟುದಿಲ್ಲ, ತುಕ್ಕು ಹಿಡಿತದೆ ಅಷ್ಟೆ” ಅಂದರು. ನೂರಕ್ಕೆ ನೂರು ನಿಜ. ಬಯಲುಸೀಮೆಯ ಬೋರ್‌ವೆಲ್ ನೀರಿನ ಗಡಸು ಬಿಸಿಯಾದಾಗ ಸುಣ್ಣವಾಗಿ ಕೂರುತ್ತದೆ. ಕರಾವಳಿಯ ಮುರಕಲ್ಲಿನ ಬಾವಿ ನೀರು ಮೆದು, ಸ್ವಲ್ಪ ಆಮ್ಲೀಯ. ಅದು ಕಬ್ಬಿಣವನ್ನು ತಿನ್ನುತ್ತದೆ. ಎರಡೂ ರೇಡಿಯೇಟರಿಗೆ ಹಾಕುವ ನೀರಲ್ಲ.

ತೆಳ್ಳಗಿನ ಚಪ್ಪಟೆ ಉಕ್ಕಿನ ಪಟ್ಟಿಯನ್ನು ಒಂದೊಂದೇ ಕೊಳವೆಗೆ ತೂರಿಸಿ ಎಳೆದರು, ರಾಡಿಂಗ್. ಮತ್ತೆ ಬೆಸುಗೆ, ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಗಾಳಿ ಹೊಡೆದು ಲೀಕ್ ಟೆಸ್ಟ್. ಆಗಲೇ ನನ್ನ ಕ್ಯಾಪ್ ಹಾಕಿ ನೋಡಿದರು. 0.9 (ಬಾರ್ ಒತ್ತಡ) ಅಂತ ಬರೆದಿರುವ ಕ್ಯಾಪ್ 0.3ಕ್ಕೇ ಗಾಳಿ ಬಿಡುತ್ತಿತ್ತು. ರಬ್ಬರ್ ಗಟ್ಟಿಯಾಗಿ ವೃತ್ತಾಕಾರದ ಗೀರು ಬಿದ್ದಿತ್ತು. ಬಾಟಲಿ ತುಂಬಿರುತ್ತಿದ್ದ ರಹಸ್ಯ ಇದು: ನೀರು ಬೇಗ ಹೊರಗೆ ದಾಟುತ್ತಿತ್ತು, ತಣಿದಾಗ ವಾಪಸ್ ಎಳೆಯಬೇಕಾದ ಒಳಗಿನ ಸಣ್ಣ ವಾಲ್ವೂ ಅಂಟಿಕೊಂಡಿತ್ತು. ಸರಿಯಾದ ಕ್ಯಾಪ್ ಅವತ್ತು ಅವರಲ್ಲಿ ಇರಲಿಲ್ಲ, ಹಳೆಯದನ್ನೇ ಹಾಕಿಕೊಂಡು ಬಂದೆ.

ಮಾರ್ಚ್: ಇನ್ನೂ ಪೂರ್ತಿ ಸರಿಯಿಲ್ಲ

ಘಾಟಿಯಲ್ಲಿ ಮುಳ್ಳು ಮುಕ್ಕಾಲಿಗೆ ನಿಂತಿತು. ಮೊದಲಿಗಿಂತ ಎಷ್ಟೋ ವಾಸಿ, ಆದರೆ ಕಟ್ಟು ಬಿಡಿಸಿದ ರೇಡಿಯೇಟರಿಗೆ ಇದು ಜಾಸ್ತಿ. ಆಕ್ಸಿಲರೇಟರ್ ಅದುಮಿದಾಗ ಮಾತ್ರ ಏರುತ್ತದೆ, ಕಾಲು ತೆಗೆದರೆ ಇಳಿಯುತ್ತದೆ.

ಮನೆ ಅಂಗಳದಲ್ಲೇ ಎಂಜಿನ್ ಬಿಸಿ ಮಾಡಿ, ಪಕ್ಕದ ಮನೆ ಹುಡುಗನನ್ನು ಕೂರಿಸಿ ರೇಸ್ ಮಾಡಿಸಿದೆ. ನಾನು ಟಾರ್ಚ್ ಹಿಡಿದು ಕೆಳಗಿನ ಹೋಸ್ ನೋಡುತ್ತಿದ್ದೆ. ಐಡ್ಲಿಂಗ್‌ನಲ್ಲಿ ದುಂಡಗಿದ್ದ ಪೈಪು ರೇಸ್ ಏರಿದಂತೆ ಖಾಲಿ ಪೇಸ್ಟ್ ಟ್ಯೂಬಿನ ಹಾಗೆ ಚಪ್ಪಟೆಯಾಯಿತು. ರೇಸ್ ಬಿಟ್ಟರೆ ಮತ್ತೆ ದುಂಡಗೆ. “ಅಣ್ಣ, ಇನ್ನೂ ಕೊಡ್ಲಾ?” ಅಂತ ಹುಡುಗನಿಗೆ ಉತ್ಸಾಹ. ಇನ್ನೂ ಕೊಡಿಸಿದೆ, ನೋಡಿದಷ್ಟೂ ಸಾಲದು ಅನಿಸುವ ದೃಶ್ಯ ಅದು.

ಕೆಳಗಿನ ಹೋಸ್ ಪಂಪ್ ಎಳೆಯುವ ಕಡೆಯದು. ವೇಗ ಹೆಚ್ಚಾದಂತೆ ಅಲ್ಲಿ ಒತ್ತಡ ಇಳಿಯುತ್ತದೆ. ಕ್ಯಾಪ್ ಸರಿಯಿದ್ದರೆ ಇಡೀ ವ್ಯವಸ್ಥೆಯೇ ಒತ್ತಡದಲ್ಲಿರುವುದರಿಂದ ಹೋಸ್ ತಾನಾಗಿ ಉಬ್ಬಿ ನಿಲ್ಲುತ್ತದೆ. ನಮ್ಮ ಕ್ಯಾಪ್ ಒತ್ತಡ ಹಿಡಿಯುತ್ತಿರಲಿಲ್ಲ. ಮೊದಲು ಕಟ್ಟಿಕೊಂಡಿದ್ದ ರೇಡಿಯೇಟರ್ ನೀರು ಬಿಡಲು ಸತಾಯಿಸುತ್ತಿದ್ದುದರಿಂದ ಎಳೆತ ಇನ್ನೂ ಜೋರಾಗಿದ್ದಿರಬೇಕು. ಅಂದರೆ ಗುಡ್ಡ ಹತ್ತುವಾಗ ನೀರು ಹೆಚ್ಚು ಬೇಕಾದ ಹೊತ್ತಿಗೇ ಪೈಪು ಬಾಯಿ ಮುಚ್ಚಿಕೊಳ್ಳುತ್ತಿತ್ತು. ಮೂರು ದೋಷ ಒಂದಕ್ಕೊಂದು ಕುಮ್ಮಕ್ಕು ಕೊಡುತ್ತಿದ್ದವು, ಯಾವುದೋ ಒಂದನ್ನು ಬದಲಿಸಿ ನೋಡಿದವರಿಗೆ ಉತ್ತರ ಸಿಗುವಂತಿರಲಿಲ್ಲ.

ಹೊಸ 0.9 ಕ್ಯಾಪ್ ಹಾಕಿದಾಗ ಚಪ್ಪಟೆಯಾಗುವುದು ಕಡಿಮೆಯಾಯಿತು, ನಿಲ್ಲಲಿಲ್ಲ. ಹಳೆಯ ಹೋಸ್ ಸೀಳಿ ನೋಡಿದೆ: ಒಳಪದರ ಕಿತ್ತು, ಹಿಂಡಿದರೆ ಮುದ್ದೆಯಾಗುವಷ್ಟು ಮೆತ್ತಗೆ. ಮೇಲಿನಿಂದ ಮಾತ್ರ ಹೊಸದರಂತೆ ಕಪ್ಪಗೆ. ಎರಡೂ ಹೋಸ್, ಕ್ಲಿಪ್ ಸಮೇತ ಬದಲಾಯಿಸಿದೆ.

ನೀರು ತುಂಬುವುದು

ನಳ್ಳಿಯಲ್ಲಿ ಪೈಪ್ ಇಟ್ಟು ಎಂಜಿನ್ ತೊಳೆದು, ಬರುವ ನೀರು ತಿಳಿಯಾದ ಮೇಲೆ ಬಸಿದು ಕೂಲಂಟ್ ಹಾಕಿದೆ. ಒಂದು ಪಾಲು ಕೂಲಂಟ್, ಎರಡು ಪಾಲು ಬ್ಯಾಟರಿ ನೀರು (ಆಸಿಡ್ ಅಲ್ಲ, ಬ್ಯಾಟರಿಗೆ ಹಾಕುವ ಶುದ್ಧೀಕರಿಸಿದ ನೀರು). ಹೆಪ್ಪುಗಟ್ಟುವ ಚಳಿ ನಮ್ಮಲ್ಲಿಲ್ಲ. ನಮಗೆ ಬೇಕಾದದ್ದು ಅದರಲ್ಲಿರುವ ತುಕ್ಕುನಿರೋಧಕ, ಮತ್ತು ಶಾಖ ಹೊರುವುದರಲ್ಲಿ ಕೂಲಂಟಿನ ಮುಖ್ಯ ದ್ರವವಾದ ಗ್ಲೈಕಾಲ್‌ಗಿಂತ ನೀರೇ ಮುಂದೆ. ಕುದಿಯುವ ಭಯ ಕ್ಯಾಪ್ ನೋಡಿಕೊಳ್ಳುತ್ತದೆ: 0.9 ಒತ್ತಡದಲ್ಲಿ ಬರೀ ನೀರೂ ಸುಮಾರು 118 ಡಿಗ್ರಿವರೆಗೆ ಕುದಿಯುವುದಿಲ್ಲ.

ಏರ್ ಲಾಕ್ (ನೀರಿನ ದಾರಿಯಲ್ಲಿ ಸಿಕ್ಕಿಕೊಂಡ ಗಾಳಿ) ಬಿಡಿಸಲು ಗಾಡಿಯ ಮೂತಿ ಎತ್ತರಕ್ಕೆ ಬರುವಂತೆ ಅಂಗಳದ ಇಳಿಜಾರಿನಲ್ಲಿ ನಿಲ್ಲಿಸಿ, ತಣ್ಣಗಿದ್ದಾಗಲೇ ಕ್ಯಾಪ್ ತೆಗೆದು ಸ್ಟಾರ್ಟ್ ಮಾಡಿ ಬಿಟ್ಟೆ. ಗುಳುಗುಳು ಅನ್ನುತ್ತ ಗುಳ್ಳೆ ಬಂದು, ವಾಲ್ವ್ ತೆರೆದ ಕ್ಷಣ ಮಟ್ಟ ಸರ್ರನೆ ಇಳಿಯಿತು. ತುಂಬಿಸಿ, ಬಾಯಿಯೊಳಗೆ ನೀರು ಓಡುವುದನ್ನು ಕಣ್ಣಾರೆ ನೋಡಿ ಮುಚ್ಚಿದೆ. ವಾಟರ್ ಬಾಡಿ ಕೆಲಸ ಮಾಡುತ್ತಿದೆ ಅನ್ನುವುದಕ್ಕೂ ಅದೇ ಸಾಕ್ಷಿ.

ಏಪ್ರಿಲ್

ಮಧ್ಯಾಹ್ನದ ಬಿಸಿಲು, ಗಾಡಿಯಲ್ಲಿ ನಾಲ್ಕು ಜನ, ಡಿಕ್ಕಿಯಲ್ಲಿ ಹಲಸಿನಹಣ್ಣು. ಸೋಮೇಶ್ವರದಿಂದ ನಿಲ್ಲಿಸದೆ ಹತ್ತಿದೆವು. ಮುಳ್ಳು ಅರ್ಧಕ್ಕಿಂತ ಒಂದು ಕೂದಲು ಮೇಲೆ. ಆಗುಂಬೆಯಲ್ಲಿ ಇಳಿದು ಟೇಪ್ ಮೇಲೆ ನೋಡಿದರೆ 91. ಫ್ಯಾನ್ ಸ್ವಲ್ಪ ಹೊತ್ತು ತಿರುಗಿ ತಾನೇ ನಿಂತಿತು. ಮರುದಿನ ಬೆಳಿಗ್ಗೆ ತೀರ್ಥಹಳ್ಳಿಯಲ್ಲಿ ಕ್ಯಾಪ್ ತೆಗೆದರೆ ನೀರು ಬಾಯಿತನಕ.

ಬಾಕಿ ಇರುವುದು ಹೀಟರ್. ಅದರ ಪೈಪುಗಳನ್ನು ಹಿಂದೆ ಯಾರೋ ಬೈಪಾಸ್ ಮಾಡಿದ್ದಾರೆ. ಹೀಟರ್ ಕೋರ್ ಲೀಕ್ ಇದೆಯೋ, ಸುಮ್ಮನೆ ತಪ್ಪಿಸಿದ್ದೋ ನೋಡಬೇಕು. ಮಳೆಗಾಲಕ್ಕೆ ಮುಂಚೆ ಅದು ಸರಿಹೋದರೆ ಆಗುಂಬೆಯ ಮಳೆಯಲ್ಲಿ ಮುಂದಿನ ಗಾಜಿನ ಮಂಜು ಒರೆಸಲು ಬಟ್ಟೆ ಹಿಡಿದು ಕೂರುವುದು ತಪ್ಪುತ್ತದೆ.