ಮನೆಯ ಹಳೆಯ ಕಾರು ನನ್ನ ಪಾಲಿಗೆ ಬಂದಿದೆ, ಎಲ್ಲಿಂದ ಶುರು ಮಾಡಲಿ?

ಕುಮಟಾ, ಹೊನ್ನಾವರ, ಶಿರಸಿ ಕಡೆಯ ಮನೆಗಳಲ್ಲಿ ಎಷ್ಟು ಹಳೆಯ ಕಾರುಗಳು ಉಳಿದಿವೆ ಎಂಬುದು ಆಸ್ತಿ ಪಾಲಾಗುವ ಹೊತ್ತಿಗೇ ಗೊತ್ತಾಗುವುದು. ತೋಟ, ಮನೆ, ಬ್ಯಾಂಕಿನ ಠೇವಣಿಗಳೆಲ್ಲ ಹಂಚಿಹೋದ ಮೇಲೆ ಕೊಟ್ಟಿಗೆಯ ಪಕ್ಕದಲ್ಲಿ ವರ್ಷಗಟ್ಟಲೆ ನಿಂತಿದ್ದ ಫಿಯೆಟ್ಟೋ ಅಂಬಾಸಿಡರೋ ಯಾರಿಗೂ ಬೇಡವಾಗಿ, ಕೊನೆಗೆ ಕಾರಿನ ಮೇಲೆ ಪ್ರೀತಿಯುಳ್ಳ, ಆದರೆ ಒಮ್ಮೆಯೂ ಪಾನಾ ಹಿಡಿದು ಗೊತ್ತಿಲ್ಲದ ಒಬ್ಬರ ಪಾಲಿಗೆ ಬರುತ್ತದೆ. ಇಂಥವರು ನನ್ನನ್ನು ಕೇಳುವ ಪ್ರಶ್ನೆ ಒಂದೇ: "ಹೊಸ ಬ್ಯಾಟರಿ ಹಾಕಿ ಒಮ್ಮೆ ಸೆಲ್ಫ್ ಹೊಡೆದು ನೋಡಲೇ?" ಬೇಡ ಎಂಬುದೇ ನನ್ನ ಉತ್ತರ. ಮೊದಲು ಕಾಗದಪತ್ರ, ಆಮೇಲೆ ಕಾರಿನ ತಲೆಯ ಮೇಲೊಂದು ಮಾಡು, ಆಮೇಲೆ ತುಕ್ಕು, ಆಮೇಲೆ ಬ್ರೇಕು. ಎಂಜಿನ್ನಿನ ಸರದಿ ಇವೆಲ್ಲವೂ ಮುಗಿದ ನಂತರ. ಬಣ್ಣದ ಮಾತನ್ನು ಮೊದಲ ವರ್ಷ ಎತ್ತಲೇಬೇಡಿ.

ಕಾಗದಪತ್ರವನ್ನು ಮೊದಲಿಗೆ ಇಟ್ಟಿರುವುದಕ್ಕೆ ಕಾರಣವಿದೆ. ಮಾಲೀಕರು ತೀರಿಕೊಂಡ 30 ದಿನಗಳೊಳಗೆ ಆ ವಿಷಯವನ್ನು ಆರ್‌ಟಿಒ ಕಚೇರಿಗೆ ತಿಳಿಸಿ, 3 ತಿಂಗಳೊಳಗೆ ನಮೂನೆ 31ರಲ್ಲಿ ವರ್ಗಾವಣೆಗೆ ಅರ್ಜಿ ಕೊಡಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮ ಹೇಳುತ್ತದೆ. ನಮ್ಮಲ್ಲಿ ಹೆಚ್ಚಿನವರು ಈ ಅವಧಿಯನ್ನು ವರ್ಷಗಳ ಹಿಂದೆಯೇ ದಾಟಿರುತ್ತಾರೆ; ಆದರೂ ಹಿಂದೇಟು ಹಾಕುವ ಅಗತ್ಯವಿಲ್ಲ, ದಂಡ ಕಟ್ಟಿ ಮುಂದುವರಿಯಬಹುದು. ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ಪಡೆದ ವಂಶವೃಕ್ಷ, ಉಳಿದ ವಾರಸುದಾರರ ಒಪ್ಪಿಗೆ, ಮೂಲ ಆರ್‌ಸಿ ಇವಿಷ್ಟನ್ನು ಸಿದ್ಧ ಮಾಡಿಕೊಳ್ಳಿ. ಒಪ್ಪಿಗೆಯ ಸಹಿಯನ್ನು ಕಾರಿಗೆ ಒಂದು ರೂಪಾಯಿಯನ್ನೂ ಹಾಕುವ ಮೊದಲೇ ಪಡೆಯಿರಿ. ಗುಜರಿಯಾಗಿದ್ದಾಗ ಯಾರಿಗೂ ಬೇಡವಾಗಿದ್ದ ಕಾರು ಹೊಳೆಯತೊಡಗಿದ ಮೇಲೆ ಎಲ್ಲ ಅಣ್ಣತಮ್ಮಂದಿರಿಗೂ ಅಪ್ಪನ ನೆನಪು ಬರುತ್ತದೆ. ಕೆಎ ಅಕ್ಷರಗಳು ಬರುವ ಮುಂಚಿನ ಹಳೆಯ ನಂಬರಿನ ಗಾಡಿಯಾದರೆ ದಾಖಲೆ ಈಗ ಕಾರವಾರದಲ್ಲಿದೆಯೋ (ಕೆಎ 30), ಶಿರಸಿಯಲ್ಲಿದೆಯೋ (ಕೆಎ 31), ಹೊನ್ನಾವರಕ್ಕೆ (ಕೆಎ 47) ಹೋಗಿದೆಯೋ ಎಂದು ಮೊದಲು ವಿಚಾರಿಸಿಕೊಳ್ಳುವುದು ಒಳ್ಳೆಯದು.

ಇದರ ಜೊತೆಗೇ ಕೇಳಿಬರುವ ಇನ್ನೊಂದು ಮಾತು ವಿಂಟೇಜ್ ನೋಂದಣಿಯದು. 2021ರಲ್ಲಿ ಬಂದ ನಿಯಮದ ಪ್ರಕಾರ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಚಾಸಿ (ಕಾರಿನ ಅಡಿಯ ಚೌಕಟ್ಟು), ಬಾಡಿ, ಎಂಜಿನ್ನುಗಳಲ್ಲಿ ದೊಡ್ಡ ಬದಲಾವಣೆ ಮಾಡದೆ ಮೂಲರೂಪದಲ್ಲಿ ಉಳಿಸಿಕೊಂಡ ವಾಹನ ಮಾತ್ರ ವಿಂಟೇಜ್. ಪ್ರೀಮಿಯರ್ ಪದ್ಮಿನಿ ಆ ಹೆಸರಿನಲ್ಲಿ ಬಂದದ್ದೇ 1974ರ ಸುಮಾರಿಗೆ; ಆದ್ದರಿಂದ 1982ರ ಪದ್ಮಿನಿ ಎಷ್ಟೇ ಮುದಿಯಾಗಿ ಕಂಡರೂ ಕಾನೂನಿನ ಕಣ್ಣಿಗೆ ವಿಂಟೇಜ್ ಅಲ್ಲ. ಅರ್ಹತೆ ಇದ್ದರೂ ನನ್ನ ಸಲಹೆ ಬೇರೆ: ಆ ನೋಂದಣಿಯ ಕಾರನ್ನು ಪ್ರದರ್ಶನ, ರ್‍ಯಾಲಿ, ದುರಸ್ತಿ ಮುಂತಾದವಕ್ಕಷ್ಟೇ ರಸ್ತೆಗೆ ತರಬಹುದು, ದಿನಬಳಕೆಗೆ ಅಲ್ಲ. ಮನೆಮಂದಿಯನ್ನು ಕೂರಿಸಿಕೊಂಡು ಗೋಕರ್ಣಕ್ಕೆ ಹೋಗಿಬರುವ ಆಸೆಯುಳ್ಳವರಿಗೆ, 15 ವರ್ಷ ತುಂಬಿದ ಮೇಲೆ 5 ವರ್ಷಕ್ಕೊಮ್ಮೆ ಮಾಡಿಸುವ ಸಾಮಾನ್ಯ ನವೀಕರಣವೇ ಅನುಕೂಲ. ಅದಕ್ಕೆ ಕಾರನ್ನು ತಪಾಸಣೆಗೆ ಒಡ್ಡಬೇಕಾದ್ದರಿಂದ ಆ ಹೆಜ್ಜೆ ಬ್ರೇಕು, ದೀಪಗಳ ಕೆಲಸ ಮುಗಿದ ಮೇಲಿನದು.

ಇನ್ನು ಮಾಡಿನ ವಿಷಯ. ಒಣ ಸೀಮೆಯಲ್ಲಿ ಇಪ್ಪತ್ತು ವರ್ಷ ಬಯಲಿನಲ್ಲಿ ನಿಂತ ಕಾರಿಗಿಂತ ನಮ್ಮ ಕರಾವಳಿಯಲ್ಲಿ ಐದು ಮಳೆಗಾಲ ಕಂಡ ಕಾರು ಹೆಚ್ಚು ಕೆಟ್ಟಿರಬಹುದು. ಇಲ್ಲಿ ವರ್ಷಕ್ಕೆ 3000 ಮಿಲಿಮೀಟರಿನ ಆಸುಪಾಸು ಸುರಿಯುವ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ ಬೀಳುತ್ತದೆ. ಕಡಲಿಗೆ ಹತ್ತಿರವಿದ್ದರೆ ಉಪ್ಪು ಗಾಳಿಯ ಕಾಟ ಬೇರೆ. ಎಲ್ಲರೂ ಮೊದಲು ಮಾಡುವ ಕೆಲಸವೆಂದರೆ ಟಾರ್ಪಾಲು ಹೊದಿಸುವುದು. ಮೈಗಂಟಿದ ಪ್ಲಾಸ್ಟಿಕ್ ಹೊದಿಕೆಯೊಳಗೆ ನೆಲದ ತೇವ ಮೇಲೆದ್ದು, ಹೊರಹೋಗಲು ದಾರಿಯಿಲ್ಲದೆ, ತಗಡಿನ ಮೇಲೆಯೇ ಕೂರುತ್ತದೆ. ಮಳೆಗಿಂತ ಇದೇ ಹೆಚ್ಚು ಹಾಳುಮಾಡುತ್ತದೆ. ನಾಲ್ಕು ಕಡೆಯಿಂದ ಗಾಳಿಯಾಡುವ ತಗಡಿನ ಚಪ್ಪರವೇ ಮೇಲು. ಮಣ್ಣಿನ ನೆಲವಾದರೆ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕೆ ಹಾಸಿ, ಅದರ ಮೇಲೆ ಹಲಗೆಯಿಟ್ಟು ಕಾರು ನಿಲ್ಲಿಸಿ. ದನದ ಕೊಟ್ಟಿಗೆಗೆ ಒತ್ತಿಕೊಂಡಂತೆ ಮಾತ್ರ ನಿಲ್ಲಿಸಬೇಡಿ: ಗಂಜಲದಿಂದ ಏಳುವ ಅಮೋನಿಯಾ ಹಿತ್ತಾಳೆ, ತಾಮ್ರಗಳನ್ನು ತಿನ್ನುತ್ತದೆ, ಹಳೆಯ ಕಾರಿನ ರೇಡಿಯೇಟರ್ ಆಗಿರುವುದು ಅವೆರಡರಿಂದಲೇ. ಇಲಿಗಳ ವಿಷಯ ಹೇಳಬೇಕಾಗಿಲ್ಲ. ಸೀಟಿನ ನಾರು ಅವಕ್ಕೆ ಹಾಸಿಗೆ, ವೈರು ಊಟ.

ನೆಲೆ ಒಣಗಿದ ಮೇಲೆ ತುಕ್ಕಿನ ಲೆಕ್ಕ ಹಾಕಿ. ಮಡ್‌ಗಾರ್ಡಿನ ತೂತು ಎಲ್ಲರ ಕಣ್ಣಿಗೂ ಬೀಳುತ್ತದೆ, ಆದರೆ ಅದು ದೊಡ್ಡ ಸಂಗತಿಯಲ್ಲ. ಕುರ್ಲಾದಲ್ಲಿ ತಯಾರಾದ ಪದ್ಮಿನಿಗಾಗಲಿ, ಉತ್ತರಪಾಡಾದಲ್ಲಿ ತಯಾರಾದ, 2014ರವರೆಗೂ ಬಂದ ಅಂಬಾಸಿಡರಿಗಾಗಲಿ ಪ್ರತ್ಯೇಕ ಚಾಸಿ ಇಲ್ಲ. ಬಾಡಿಯೇ ಭಾರ ಹೊರುತ್ತದೆ. ಹಾಗಾಗಿ ಬಾಗಿಲಿನ ಕೆಳಗೆ ಉದ್ದಕ್ಕೆ ಹೋಗುವ ಪೆಟ್ಟಿಗೆಯಂಥ ಭಾಗ, ಜ್ಯಾಕ್ ಕೊಡುವ ಜಾಗ, ಕಾಲಿಡುವ ನೆಲ, ಹಿಂದಿನ ಪಟ್ಟಾ (ಲೀಫ್ ಸ್ಪ್ರಿಂಗ್) ಕೂರುವ ಕಡೆ ಇವು ಕೊಳೆತಿದ್ದರೆ ಕಾರಿನ ಬೆನ್ನೆಲುಬೇ ಕೊಳೆತಂತೆ. ಮ್ಯಾಟನ್ನೆಲ್ಲ ಎತ್ತಿ ಸ್ಕ್ರೂಡ್ರೈವರಿನ ತುದಿಯಿಂದ ಅಲ್ಲಲ್ಲಿ ಚುಚ್ಚಿ ನೋಡಿ. ಟಣ್ ಎಂದರೆ ಸರಿ, ತುದಿ ಒಳಗಿಳಿದರೆ ಅಲ್ಲಿ ತಗಡು ಕತ್ತರಿಸಿ ಹೊಸದನ್ನು ಬೆಸೆಯಬೇಕು. ಪುಟ್ಟಿ ಮೆತ್ತಿ ನುಣುಪು ಮಾಡಿಕೊಡುತ್ತೇನೆ ಎನ್ನುವ ಟಿಂಕರನ ಬಳಿ ಕಾರು ಬಿಡಬೇಡಿ. ಮದ್ರಾಸಿನ ಸ್ಟ್ಯಾಂಡರ್ಡ್ ಹೆರಾಲ್ಡ್ ನಿಮ್ಮದಾದರೆ ನೀವು ಒಂದಿಷ್ಟು ಅದೃಷ್ಟವಂತರು. ಅದಕ್ಕೆ ಬೇರೆಯೇ ಚಾಸಿ ಇರುವುದರಿಂದ ಬಾಡಿಯನ್ನು ಬಿಚ್ಚಿ ಕೆಳಗಿನದನ್ನು ರಿಪೇರಿ ಮಾಡಬಹುದು. ತುಕ್ಕಿನ ಲೆಕ್ಕ ನಿಮ್ಮ ಕೈ ಮೀರುವಂತಿದ್ದರೆ ಇಲ್ಲಿಗೇ ನಿಲ್ಲಿಸಿ, ಬಲ್ಲವರಿಗೆ ಮಾರುವುದರಲ್ಲಿ ಅವಮಾನವೇನಿಲ್ಲ.

ಬ್ರೇಕಿನಲ್ಲಿ ಮಾತ್ರ ಉಳಿತಾಯದ ಯೋಚನೆ ಬೇಡ. ಆ ಕಾಲದ ಕಾರುಗಳಲ್ಲಿ ನಾಲ್ಕು ಚಕ್ರಕ್ಕೂ ಡ್ರಮ್ ಬ್ರೇಕು, ಮತ್ತು ಹಲವಕ್ಕೆ ನಾಲ್ಕೂ ಸೇರಿ ಒಂದೇ ಆಯಿಲ್ ಮಾರ್ಗ. ಎಲ್ಲಿಯಾದರೂ ಒಂದು ಹೋಸ್ ಒಡೆದರೆ ಪೆಡಲ್ ನೆಲ ಮುಟ್ಟುತ್ತದೆ, ನಾಲ್ಕೂ ಚಕ್ರದ ಬ್ರೇಕು ಒಟ್ಟಿಗೇ ಹೋಗುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುವ ಗುಣದ್ದು. ವರ್ಷಗಟ್ಟಲೆ ನಿಂತ ಕಾರಿನಲ್ಲಿ ಆ ನೀರೇ ವೀಲ್ ಸಿಲಿಂಡರಿನ (ಚಕ್ರದೊಳಗೆ ಬ್ರೇಕನ್ನು ಒತ್ತುವ ಭಾಗ) ಪಿಸ್ಟನ್ನನ್ನು ಕಚ್ಚಿ ಹಿಡಿಸಿರುತ್ತದೆ. ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಆಯಿಲನ್ನು ತಳ್ಳುವ ಭಾಗ), ವೀಲ್ ಸಿಲಿಂಡರುಗಳು, ರಬ್ಬರ್ ಹೋಸುಗಳು ಇಷ್ಟನ್ನೂ ನೋಡಲು ಚೆನ್ನಾಗಿದ್ದರೂ ಬದಲಾಯಿಸಿಬಿಡಿ, ಲೋಹದ ಪೈಪುಗಳನ್ನು ಉಜ್ಜಿ ಪರೀಕ್ಷಿಸಿ. ಟೈರಿನದೂ ಅದೇ ಕಥೆ: ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕು ಅಂಕೆಗಳಲ್ಲಿ ಮೊದಲೆರಡು ತಯಾರಾದ ವಾರ, ಕೊನೆಯೆರಡು ವರ್ಷ, ಮೂರೇ ಅಂಕೆ ಇದ್ದರೆ ಆ ಟೈರು 2000ಕ್ಕಿಂತ ಹಿಂದಿನದು, ಮೇಲ್ಮೈಯ ಗೀರುಗಳು ಎಷ್ಟೇ ಆಳವಾಗಿದ್ದರೂ ಬಿಸಾಡಬೇಕಾದದ್ದು.

ಈಗ ಎಂಜಿನ್. ಬಹಳ ಕಾಲ ನಿಂತ ಎಂಜಿನ್ನಿನಲ್ಲಿ ರಿಂಗುಗಳು ಸಿಲಿಂಡರಿನ ಗೋಡೆಗೆ ಅಂಟಿರುತ್ತವೆ, ಬೇರಿಂಗುಗಳಲ್ಲಿ ಆಯಿಲ್ ಇರುವುದಿಲ್ಲ; ಆ ಸ್ಥಿತಿಯಲ್ಲಿ ಸೆಲ್ಫ್ ಹೊಡೆದರೆ ರಿಂಗು ಮುರಿಯಬಹುದು, ಗೋಡೆ ಗೀರಬಹುದು. ಪ್ಲಗ್ಗುಗಳನ್ನು ಬಿಚ್ಚಿ ಪ್ರತಿ ಸಿಲಿಂಡರಿಗೂ ಡೀಸೆಲ್ ಬೆರೆಸಿದ ಎಂಜಿನ್ ಆಯಿಲನ್ನು ಒಂದೆರಡು ಚಮಚ ಬಿಟ್ಟು ಕೆಲವು ದಿನ ಸುಮ್ಮನಿರಿ. ಆಮೇಲೆ ಗೇರನ್ನು ನ್ಯೂಟ್ರಲ್‌ನಲ್ಲಿಟ್ಟು ಹ್ಯಾಂಡಲಿನಿಂದ ಮೆಲ್ಲಗೆ ತಿರುಗಿಸಿ. ತಿರುಗದಿದ್ದರೆ ಬಲ ಹಾಕದೆ ಇನ್ನಷ್ಟು ದಿನ ಕಾಯಿರಿ. ಸಲೀಸಾಗಿ ತಿರುಗಿದ ಮೇಲೆ ಹಳೆಯ ಆಯಿಲ್, ಫಿಲ್ಟರ್ ಬದಲಾಯಿಸಿ, ಪ್ಲಗ್ ಇಲ್ಲದೆಯೇ ಸೆಲ್ಫ್ ಹೊಡೆದು ಆಯಿಲ್ ಒತ್ತಡ ಏರುವುದನ್ನು ಖಚಿತಪಡಿಸಿಕೊಳ್ಳಿ. ಬ್ಯಾಟರಿ ಜೋಡಿಸುವ ಮುನ್ನ ಯಾವ ತುದಿ ಬಾಡಿಗೆ ಸೇರಿದೆ ಎಂದು ನೋಡಿ; ಹಳೆಯ ಬ್ರಿಟಿಷ್ ಕಾರುಗಳಲ್ಲಿ ಪಾಸಿಟಿವ್ ತುದಿ ಬಾಡಿಗೆ ಹೋಗುತ್ತಿತ್ತು. ಡೆಲ್ಕೋದ (ಪ್ಲಗ್ಗುಗಳಿಗೆ ಕರೆಂಟು ಹಂಚುವ ಡಿಸ್ಟ್ರಿಬ್ಯೂಟರ್) ಪಾಯಿಂಟುಗಳನ್ನು ಉಜ್ಜಿ ಅಂತರ ಸರಿಪಡಿಸಿ. ಟ್ಯಾಂಕಿನಲ್ಲಿ ಉಳಿದಿರುವ ಪೆಟ್ರೋಲ್ ಅಂಟಾಗಿರುವುದರಿಂದ ಅದನ್ನು ಪೂರ್ತಿ ತೆಗೆದು, ಮೊದಲ ಬಾರಿಗೆ ಬೇರೆ ಸಣ್ಣ ಡಬ್ಬಿಯಿಂದ ಕಾರ್ಬುರೇಟರಿಗೆ ಪೆಟ್ರೋಲ್ ಕೊಡಿ, ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇಟ್ಟುಕೊಳ್ಳಿ.

ಬಂಕಿನಲ್ಲಿ ಈಗ ಸಿಗುವ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥೆನಾಲ್ ಇರುವುದನ್ನು ಹಳೆಯ ಕಾರಿನವರು ನೆನಪಿಡಲೇಬೇಕು. ಅದು ಆ ಕಾಲದ ರಬ್ಬರ್ ಪೈಪು, ಪಂಪಿನ ಡಯಾಫ್ರಮ್, ಗ್ಯಾಸ್ಕೆಟ್ಟುಗಳನ್ನು ಮೆತ್ತಗಾಗಿಸುತ್ತದೆ. ತೇವವನ್ನು ಎಳೆದುಕೊಂಡು, ಹೆಚ್ಚಾದರೆ ನೀರಿನೊಂದಿಗೆ ಬೇರ್ಪಟ್ಟು ಟ್ಯಾಂಕಿನ ತಳದಲ್ಲಿ ಕೂರುತ್ತದೆ. ಎಥೆನಾಲ್ ತಾಳುವ ಪೈಪುಗಳನ್ನು ಹಾಕಿಸಿ, ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಕಾರ್ಬುರೇಟರನ್ನು ಖಾಲಿ ಮಾಡಿ.

ಬಣ್ಣದ ವಿಷಯದಲ್ಲಿ ನನ್ನ ಅಭಿಪ್ರಾಯ ಕೆಲವರಿಗೆ ಹಿಡಿಸುವುದಿಲ್ಲ: ಮಾಸಿದ ಮೂಲಬಣ್ಣ ಹೊಳೆಯುವ ಹೊಸ ಬಣ್ಣಕ್ಕಿಂತ ಚೆಂದ, ಮತ್ತು ಅದರಡಿ ತುಕ್ಕು ಮುಚ್ಚಿಟ್ಟಿಲ್ಲವೆಂಬ ನೆಮ್ಮದಿಯೂ ಇರುತ್ತದೆ. ಆ ಹಣವನ್ನು ವಿಮೆಗೂ ಬಿಡಿಭಾಗಗಳಿಗೂ ಇಟ್ಟುಕೊಳ್ಳಿ. ಇಷ್ಟು ಹಳೆಯ ಕಾರಿನ ಬೆಲೆಯನ್ನು ಕಂಪನಿಯೂ ನೀವೂ ಮಾತಾಡಿ ನಿಗದಿ ಮಾಡಿಕೊಳ್ಳಬೇಕಾಗುತ್ತದೆ, ಆದ್ದರಿಂದ ಫೋಟೋ, ಬಿಲ್ಲುಗಳನ್ನು ಜೋಪಾನವಾಗಿ ಇಟ್ಟಿರಿ.

ಮೊದಲ ತಿಂಗಳುಗಳಲ್ಲಿ ಊರಿನ ಸಪಾಟು ರಸ್ತೆಗಳಲ್ಲೇ ಓಡಿಸಿ. ದೇವಿಮನೆ ಘಟ್ಟವನ್ನಾಗಲಿ ಅರಬೈಲು ಘಟ್ಟವನ್ನಾಗಲಿ ಹತ್ತುವಾಗ ಬಿಸಿ ಏರುತ್ತದೆ ಎಂದು ಎಲ್ಲರೂ ಹೆದರುತ್ತಾರೆ, ಆದರೆ ಅಪಾಯ ಇರುವುದು ಇಳಿಯುವಾಗ: ಬ್ರೇಕನ್ನು ಒತ್ತಿಹಿಡಿದೇ ಇಳಿದರೆ ಡ್ರಮ್ ಕಾದು ಹಿಡಿತ ಹೋಗುತ್ತದೆ. ಹತ್ತಲು ಬೇಕಾಗುವ ಗೇರಿನಲ್ಲೇ ಇಳಿಯಿರಿ, ಹಿಂದಿನ ಬಸ್ಸಿನವರು ಹಾರ್ನ್ ಹೊಡೆದರೆ ಹೊಡೆಯಲಿ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಹೊಳವಾದ ಹೊತ್ತು ನೋಡಿ ಎಂಜಿನ್ ಚೆನ್ನಾಗಿ ಬಿಸಿಯಾಗುವಷ್ಟು ದೂರ ಓಡಿಸಿ. ನಿಂತಲ್ಲೇ ಎರಡು ನಿಮಿಷ ಸ್ಟಾರ್ಟ್ ಮಾಡಿ ಆರಿಸಿದರೆ ಸೈಲೆನ್ಸರಿನಲ್ಲಿ ನೀರು ಉಳಿದು ಒಳಗಿನಿಂದ ತುಕ್ಕು ಹಿಡಿಯುತ್ತದೆ, ಅದಕ್ಕಿಂತ ಸ್ಟಾರ್ಟ್ ಮಾಡದೆ ಬಿಡುವುದೇ ಒಳ್ಳೆಯದು.